ಮೋರೇರ ಮನೆಯ ಬಾಗಿಲು

ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ಸೋದರಳಿಯ ಒಂಬತ್ತನೇ ತರಗತಿ ಹುಡುಗ. ಎರಡು ವರ್ಷದಿಂದ ದಪ್ಪ ನೋಟ್‌ಬುಕ್ಕೊಂದರಲ್ಲಿ ತನ್ನದೇ ಲೋಕವೊಂದನ್ನು ಕಟ್ಟುತ್ತಿದ್ದಾನೆ. ಅದಕ್ಕೆ ನಕ್ಷೆಯಿದೆ, ಹೊಳೆಗಳಿವೆ, ರಾಜರ ವಂಶಾವಳಿಯಿದೆ. ಅಲ್ಲಿನ ಕಾಡಿನಲ್ಲಿ ಎಲ್ಫ್‌ಗಳಿದ್ದಾರೆ. ಚೂಪು ಕಿವಿ, ಬೆಳ್ಳನೆ ಮುಖ, ಕೈಯಲ್ಲಿ ಬಿಲ್ಲು, ಮುಪ್ಪಿಲ್ಲದ ಬಾಳು. ದಸರಾ ರಜೆಗೆ ಕೊಟ್ಟೂರಿಗೆ ಬಂದವನು ಒಂದು ಸಂಜೆ ಕೇಳಿದ: "ಮಾಮಾ, ನಮ್ ಕಡೆ ಇಂಥೋರು ಯಾರೂ ಇರ್ಲಿಲ್ವಾ?"

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಕಿನ್ನರರು, ಯಕ್ಷರು, ಗಂಧರ್ವರು ಎಂದು ಉತ್ತರ ಕೊಡುತ್ತೇವೆ. ಆ ಉತ್ತರ ನನಗೆ ಎಂದೂ ಒಗ್ಗಿಲ್ಲ. ಕಿನ್ನರರು ಪುರಾಣದಿಂದ ಬಂದವರು, ಗುಡಿಯ ಕಂಬದಲ್ಲಿ ಕೆತ್ತಿಸಿಕೊಂಡವರು. ನಮ್ಮೂರಿನ ಆಚೆ ದಿಬ್ಬ ತೋರಿಸಿ "ಇಲ್ಲಿ ಕಿನ್ನರರು ವಾಸ ಇದ್ದರು" ಎಂದ ರೈತನನ್ನು ನಾನು ಕಂಡಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮಣಿ-ಮಲ್ಲಾಸುರರ ಕಥೆಯಿದೆ. ಅವರು ದೇವರ ಎದುರಾಳಿಗಳು, ಕಥೆಗೆ ಬೇಕಾಗಿಯೇ ಹುಟ್ಟಿದ ರಕ್ಕಸರು. ಎಲ್ಫ್ ಎಂದರೆ ಬೇರೆ. ನಮಗಿಂತ ಮೊದಲು ಇದೇ ಮಣ್ಣಿನಲ್ಲಿದ್ದ, ನಮ್ಮಂತಿದ್ದೂ ನಮ್ಮವರಲ್ಲದ, ಈಗ ಕಾಣದ ಒಂದು ಕುಲ. ಅಂಥ ಕುಲ ನಮ್ಮಲ್ಲಿ ಒಂದೇ. ಮೋರಿಯರು. ಜನರ ಬಾಯಲ್ಲಿ ಮೋರೇರು.

ಹರಪನಹಳ್ಳಿ ಕಡೆಯವಳಾದ ನಮ್ಮ ಅಜ್ಜಿ ಹೇಳುತ್ತಿದ್ದ ಕಥೆ ಇಷ್ಟೇ. ಹಿಂದೆ ಮೋರೇರು ಅಂತ ಇದ್ದರು. ಎತ್ತರ ಮೂರೇ ಅಡಿ. ಆದರೆ ಮೈಯಲ್ಲಿ ಆನೆಯ ಬಲ. ಹತ್ತಾಳು ಅಲುಗಿಸಲಾಗದ ಚಪ್ಪಡಿಯನ್ನು ಒಬ್ಬನೇ ಹೊತ್ತು ತರುತ್ತಿದ್ದ. ಒಂದು ದಿನ ಬೆಂಕಿ ಮಳೆ ಸುರಿಯುತ್ತದೆ ಎಂದು ಅವರಿಗೆ ತಿಳಿಯಿತು. ಗುಡ್ಡದ ಮೇಲೆ ಕಲ್ಲಿನ ಮನೆ ಕಟ್ಟಿಕೊಂಡು ಎಲ್ಲರೂ ಒಳಗೆ ಸೇರಿದರು. ಮಳೆ ಸುರಿಯಿತು. ಒಬ್ಬರೂ ಹೊರಗೆ ಬರಲಿಲ್ಲ.

ಇದರಲ್ಲಿ ರಾಜನಿಲ್ಲ, ರಾಣಿಯಿಲ್ಲ, ಒಂದು ಹೆಸರೂ ಇಲ್ಲ. ನೀತಿಯೂ ಇಲ್ಲ. ಚಿಕ್ಕಂದಿನಲ್ಲಿ ಇದು ಅರ್ಧ ಕಥೆ ಅನ್ನಿಸುತ್ತಿತ್ತು. ಕಲ್ಲುಗಳನ್ನು ನೋಡುತ್ತ ತಿರುಗಲು ಶುರು ಮಾಡಿದ ಮೇಲೆ, ಅದರ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಕಲ್ಲಿದೆ ಎಂದು ತಿಳಿಯಿತು.

ಮೋರೇರ ಮನೆಗಳೆಂದರೆ ಬೃಹತ್ ಶಿಲಾಯುಗದ ಗೋರಿಗಳು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆ. ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಕೂಡ್ಲಿಗಿಯಿಂದ ಮೊಳಕಾಲ್ಮೂರಿನ ದಿಕ್ಕಿಗೆ ಹೋದರೆ ಸಿಗುವ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದು ನೋಡಿದ್ದು ಇಂಥವನ್ನೇ. ಅಲ್ಲಿ ಕೋಣೆ ನೆಲದೊಳಗೆ ಇಳಿದಿದೆ, ಸುತ್ತ ಕಲ್ಲಿನ ವೃತ್ತವಿದೆ. ಕಿಂಡಿ ಮೂಡಣಕ್ಕೆ ತೆರೆದಿದೆ. ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ತೋಳುಗಳಂತೆ ಒಂದರ ಅಂಚನ್ನು ಇನ್ನೊಂದು ದಾಟುವ ಹಾಗೆ ನಿಲ್ಲಿಸಿದ್ದಾರೆ. ಅದರಿಂದಾಗಿ ಮಣ್ಣಿನ ಒತ್ತಡಕ್ಕೆ ಅವು ಒಳಗೆ ಕುಸಿಯುವುದಿಲ್ಲ, ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಈ ಕೆಲಸ ನೋಡಿದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಒಳಗೆ ಸಿಕ್ಕಿದ್ದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಉಪಕರಣ, ಮತ್ತು ಒಂದಕ್ಕಿಂತ ಹೆಚ್ಚು ಜನರ ಎಲುಬು. ಇಡೀ ದೇಹವನ್ನು ಅಲ್ಲಿ ಹೂಳುತ್ತಿರಲಿಲ್ಲ. ಬೇರೆ ಕಡೆ ಮಣ್ಣಿಗೋ ಗಾಳಿಗೋ ಒಪ್ಪಿಸಿ, ಉಳಿದ ಎಲುಬನ್ನು ಆರಿಸಿ ತಂದು ಇಲ್ಲಿ ಇಡುತ್ತಿದ್ದರು. ಮನೆಯಲ್ಲಿ ಇನ್ನೊಬ್ಬರು ತೀರಿಕೊಂಡರೆ ಮತ್ತೆ ಅದೇ ಕೋಣೆ. ಕಿಂಡಿ ಇದ್ದದ್ದು ಅದಕ್ಕೆ.

ಈಗ ಅಜ್ಜಿಯ ಕಥೆಗೆ ಬರೋಣ. ಗೋರಿ ಕಟ್ಟಿದವರು ಮರೆತುಹೋಗಿ ನೂರಾರು ವರ್ಷ ಕಳೆದ ಮೇಲೆ ಒಬ್ಬ ದನಗಾಹಿ ಅಲ್ಲಿಗೆ ಬರುತ್ತಾನೆ. ಗೋಡೆ ಇದೆ, ಸೂರು ಇದೆ, ಅಂದ ಮೇಲೆ ಅದು ಮನೆ. ಬಾಗಿಲು ಹುಡುಕುತ್ತಾನೆ. ಇರುವುದು ಒಂದೇ ಕಿಂಡಿ, ದೊಡ್ಡವರು ತೆವಳಿದರೂ ನುಗ್ಗಲು ಕಷ್ಟ. ಅದೇ ಬಾಗಿಲಾದರೆ ಓಡಾಡಿದವರು ಮೂರಡಿ ಜನವೇ ಆಗಿರಬೇಕು. ಸೂರಿನ ಚಪ್ಪಡಿ ನೋಡುತ್ತಾನೆ. ಇದನ್ನು ಎತ್ತಿದವರಿಗೆ ಆನೆಯ ಬಲ ಇದ್ದಿರಲೇಬೇಕು. ಒಳಗೆ ಇಣುಕುತ್ತಾನೆ. ಎಲುಬುಗಳು, ಅದೂ ಹಲವರವು, ಒಟ್ಟಿಗೆ. ಮನೆಯೊಳಗೆ ಎಲ್ಲರೂ ಒಂದೇ ಸಲ ಸತ್ತಿದ್ದಾರೆ. ಹೊರಗೆ ಬಾರದ ಹಾಗೆ ತಡೆದದ್ದು ಏನು? ಮೇಲಿನಿಂದ ಬಿದ್ದ ಬೆಂಕಿ. ಮೇ ತಿಂಗಳಲ್ಲಿ ಗುಡೇಕೋಟೆಯ ಬಂಡೆಗಳ ನಡುವೆ ನಿಂತವರಿಗೆ ಬೆಂಕಿ ಮಳೆಯನ್ನು ಬೇರೆಯಾಗಿ ಕಲ್ಪಿಸಿಕೊಳ್ಳುವ ಅಗತ್ಯವೂ ಇಲ್ಲ.

ಮೋರೇರು ಹುಟ್ಟಿದ್ದು ಹೀಗೆ ಎಂಬುದು ನನ್ನ ನಂಬಿಕೆ. ಮೊದಲು ಬಾಗಿಲು ಹುಟ್ಟಿತು, ಆಮೇಲೆ ಅದಕ್ಕೆ ತಕ್ಕ ಜನ. ಅದನ್ನು ಮೂಢನಂಬಿಕೆ ಎನ್ನಲು ನನಗೆ ಮನಸ್ಸಿಲ್ಲ. ಆ ದನಗಾಹಿ ಸಾಕ್ಷ್ಯ ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಯೋಚಿಸಿದ್ದಾನೆ. ಅವನು ತಪ್ಪಿದ್ದು ಒಂದೇ ಕಡೆ, ಗೋರಿಯನ್ನು ಮನೆ ಎಂದುಕೊಂಡದ್ದರಲ್ಲಿ.

ನನ್ನ ಅಳಿಯನ ಎಲ್ಫ್‌ಗಳೂ ಇಂಥದೇ ಕಲ್ಲುಗಳ ಪಕ್ಕದವರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಐರ್ಲೆಂಡಿನ ನ್ಯೂಗ್ರೇಂಜ್ ಸುಮಾರು 5,200 ವರ್ಷ ಹಳೆಯ ಸಮಾಧಿ ದಿಬ್ಬ. ಹಿಂದೆ ಆ ನಾಡನ್ನಾಳಿದ ದೈವೀ ಕುಲವೊಂದು ಸೋತ ಮೇಲೆ ಇಂಥ ದಿಬ್ಬಗಳೊಳಗೆ ಹೊಕ್ಕು ನೆಲೆಸಿತು ಎಂದು ಅಲ್ಲಿನ ಕಥೆ. ಐಸ್‌ಲ್ಯಾಂಡಿನ ಹಳೆಯ ಕಥನವೊಂದರಲ್ಲಿ ಗಾಯಗೊಂಡವನಿಗೆ ಸಿಗುವ ಸಲಹೆ ಇದು: ಎಲ್ಫ್‌ಗಳಿರುವ ದಿಬ್ಬಕ್ಕೆ ಹೋರಿಯ ರಕ್ತ ಬಳಿ, ಮಾಂಸದ ಎಡೆ ಇಡು, ವಾಸಿಯಾಗುತ್ತದೆ. ನಾರ್ವೆಯಲ್ಲಿ ಓಲಾಫ್ ಎಂಬ ರಾಜನನ್ನು ದಿಬ್ಬದಲ್ಲಿ ಹೂಳಿದ ಮೇಲೆ ಜನ ಅವನನ್ನೇ ಆ ಊರಿನ ಎಲ್ಫ್ ಎಂದು ಕರೆದರು. ಬ್ರಿಟನ್ನಿನ ಹೊಲಗಳಲ್ಲಿ ಸಿಗುತ್ತಿದ್ದ ಶಿಲಾಯುಗದ ಬಾಣದ ಮೊನೆಗಳನ್ನು ಎಲ್ಫ್‌ಗಳ ಬಾಣ ಎನ್ನುತ್ತಿದ್ದರು. ಮುಂದೆ ಶೇಕ್ಸ್‌ಪಿಯರನ ಕಾಲಕ್ಕೆ ಅವರು ಹೂವಿನೊಳಗೆ ಅಡಗುವಷ್ಟು ಸಣ್ಣಗಾದರು. 1954ರಲ್ಲಿ ಟೋಲ್ಕಿನ್ ತನ್ನ ಉಂಗುರದ ಮಹಾಕಥನ ಪ್ರಕಟಿಸತೊಡಗಿದಾಗ ಅವರನ್ನು ಮತ್ತೆ ಎತ್ತರಕ್ಕೆ ನಿಲ್ಲಿಸಿ, ಮುಪ್ಪು ಮುಟ್ಟದ ಬಾಳು ಕೊಟ್ಟ. ಹುಡುಗನ ನೋಟ್‌ಬುಕ್ಕಿನಲ್ಲಿರುವುದು ಆ ಟೋಲ್ಕಿನ್ ವಂಶ.

ಮೋರಿಯ ಎಂಬ ಹೆಸರಿನ ಬಗ್ಗೆ ಬಹಳ ಚರ್ಚೆ ನಡೆದಿದೆ. ಮೌರ್ಯ ಎಂಬುದಕ್ಕೆ ಪ್ರಾಕೃತದಲ್ಲಿ ಮೋರಿಯ ಎನ್ನುತ್ತಾರೆ. ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದ್ದು ಇದೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅಶೋಕನ ಶಾಸನಗಳಿವೆ, ಅಲ್ಲಿಂದ ದೂರವಲ್ಲದ ಗುಡ್ಡದಲ್ಲಿ ಮೋರೇರ ಮನೆಗಳೂ ಇವೆ. ಹಾಗಾಗಿ ಹಳೆಯ ದೊರೆಗಳ ಹೆಸರೇ ಕಲ್ಲಿಗೆ ಅಂಟಿಕೊಂಡಿದೆ ಎಂಬ ಊಹೆ ಬಲವಾಗಿಯೇ ಇದೆ. ಹೆಸರಿನ ಮಟ್ಟಿಗೆ ನಾನು ಅದನ್ನು ಒಪ್ಪಬಲ್ಲೆ. ಆದರೆ ಪಾಟಲಿಪುತ್ರದ ಯಾವ ದೊರೆಯೂ ಮೂರಡಿ ಕುಳ್ಳನಾಗಲು ಕಾರಣವಿಲ್ಲ. ಹೆಸರು ಎಲ್ಲಿಂದಲಾದರೂ ಬಂದಿರಲಿ, ಮೈಕಟ್ಟು ಬಂದದ್ದು ಕಿಂಡಿಯಿಂದಲೇ. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡುತ್ತಿದ್ದ ಮೆಡೋಸ್ ಟೇಲರ್ ರಾಜನಕೋಳೂರಿನ ಗೋರಿಗಳನ್ನು ಕಂಡಾಗಲೂ ಜನ ಅವನ್ನು ಮೋರೇರ ಮನೆಗಳೆಂದೇ ಕರೆಯುತ್ತಿದ್ದರು. ಅವನಿಗೆ ನೆನಪಾದದ್ದು ತನ್ನ ಕಡೆಯ ಕೆಲ್ಟಿಕ್ ಸಮಾಧಿಗಳು.

ನೆರೆಯವರು ಇಂಥದೇ ಕಲ್ಲುಗಳಿಗೆ ಬೇರೆ ಒಡೆಯರನ್ನು ಹುಡುಕಿಕೊಂಡಿದ್ದಾರೆ. ಕೊಡಗಿನಲ್ಲಿ ಇವು ಪಾಂಡುಪಾರೆ, ಪಾಂಡವರ ಕಲ್ಲು. ತೆಲುಗರಿಗೆ ರಾಕ್ಷಸರ ಗುಡಿ. ಕೇರಳದ ಮರಯೂರಿನಲ್ಲಿ ಮುನಿಯರ, ಅಂದರೆ ಮುನಿಗಳ ಕೋಣೆ. ಎಲ್ಲರೂ ಪುರಾಣದ ಕಡೆ ಕೈಚಾಚಿದ್ದಾರೆ. ನಮ್ಮವರು ಪುರಾಣದಲ್ಲಿಲ್ಲದ ಒಂದು ಕುಲವನ್ನೇ ಕಂಡುಕೊಂಡರು. ಇದರಲ್ಲಿ ನನಗೆ ಹೆಮ್ಮೆಯಿದೆ.

ಮೋರೇರ ಸ್ವಭಾವ ನೋಡಿ. ಅವರು ಯಾರನ್ನೂ ಕಾಡುವುದಿಲ್ಲ, ಮೈಮೇಲೆ ಬರುವುದಿಲ್ಲ, ಹರಕೆ ಕೇಳುವುದಿಲ್ಲ. ಅಜ್ಜಿ ಅವರ ಹೆಸರು ಹೇಳಿ ನಮ್ಮನ್ನು ಎಂದೂ ಹೆದರಿಸಲಿಲ್ಲ. ಅವರಿಗೆ ಮಾಟ ಮಂತ್ರ ಬಾರದು, ರೂಪದ ಹೊಗಳಿಕೆಯಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ, ಕಲ್ಲಿನ ಕೆಲಸ. ಎಲ್ಫ್‌ನ ತಿರುಳು ಸಾವಿಲ್ಲದಿರುವುದು. ಮೋರೇರ ತಿರುಳು ಸಾವು. ಬರುವುದು ಗೊತ್ತಿದ್ದೂ ಕೈಗೆ ಬಂದ ವಿದ್ಯೆಯಿಂದ ಅದನ್ನು ತಡೆಯಲು ನೋಡಿದವರು ಅವರು. ಕಟ್ಟಿದ ಮನೆ ಉಳಿಯಿತು, ಅವರು ಉಳಿಯಲಿಲ್ಲ. ಅಳಿವಿಲ್ಲದ ಚೆಲುವರಿಗಿಂತ ಈ ಕುಳ್ಳ ಕಲ್ಲುಕುಟಿಗರು ನನಗೆ ಹತ್ತಿರ.

ಹುಡುಗನನ್ನು ಮೊದಲು ಕರೆದುಕೊಂಡು ಹೋದದ್ದು ಕೂಡ್ಲಿಗಿ ತಾಲ್ಲೂಕಿನ ಕುಮತಿಗೆ. ಅಲ್ಲಿ ಮನೆಗಳಿಗಿಂತ ಅಪರೂಪದ್ದು ಇದೆ: ಇಡೀ ಚಪ್ಪಡಿಯನ್ನೇ ಆಳಿನ ಆಕಾರಕ್ಕೆ ಕಡಿದು ನಿಲ್ಲಿಸಿದ ಕಲ್ಲುಗಳು. ತಲೆ, ಭುಜ, ಮುಂಡ. ಕಣ್ಣು ಮೂಗಿಲ್ಲ. ನಮಗಿಂತ ಎತ್ತರ. ತಮಿಳುನಾಡಿನ ಮೋಟ್ಟೂರಿನಲ್ಲಿ ಇಂಥದೊಂದಿದೆ. ದಕ್ಷಿಣ ಭಾರತದಲ್ಲಿ ಇವು ಬೆರಳೆಣಿಕೆಯಷ್ಟು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಮೋರೇರು ಕುಳ್ಳರಾಗಿದ್ರೆ ಇದನ್ನ ಯಾಕ್ ಇಷ್ಟೆತ್ತರ ಮಾಡಿದ್ರು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಗೋರಿ ನೋಡಿ ಕುಳ್ಳರನ್ನು ಕಂಡ ಜನ, ಕುಮತಿಯ ಕಲ್ಲನ್ನು ಮೊದಲು ನೋಡಿದ್ದರೆ ದೈತ್ಯರ ಕಥೆ ಕಟ್ಟುತ್ತಿದ್ದರೇನೋ.

ಮರುವಾರ ಹೊಳೆ ದಾಟಿ ಗಂಗಾವತಿ ಹತ್ತಿರದ ಹಿರೇಬೆಣಕಲ್‌ಗೆ ಹೋದೆವು. ಮೋರೇರ ಗುಡ್ಡ ಎಂದರೆ ಅದೇ. 400ಕ್ಕೂ ಹೆಚ್ಚು ಕಲ್ಲುಮನೆಗಳು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ. ಬೆಳಿಗ್ಗೆ ಏಳಕ್ಕೆ ಹತ್ತಲು ಶುರು ಮಾಡಬೇಕು, ನೀರು ಜೊತೆಗಿರಬೇಕು. ಕಣಶಿಲೆ ಅಲ್ಲಿ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಆ ಪದರವನ್ನೇ ಎಬ್ಬಿಸಿ ಗೋಡೆ ಮಾಡಿದ್ದಾರೆ, ಕಲ್ಲು ತೆಗೆದ ಜಾಗ ನೀರಿನ ಹೊಂಡವಾಗಿದೆ. ಒಂದು ಗುಂಡಿನ ನೆತ್ತಿಯ ಮೇಲೆ ಅರ್ಧಗೋಳದಂಥ ಕಲ್ಲಿನ ನಗಾರಿಯಿದೆ. ಬಡಿದರೆ ದೂರಕ್ಕೆ ಕೇಳುತ್ತದೆ. ನಿಧಿಯ ಆಸೆಗೆ ಅಗೆದು ಕೆಡವಿದ ಮನೆಗಳೂ ಕಣ್ಣಿಗೆ ಬೀಳುತ್ತವೆ. ಅವುಗಳ ಮುಂದೆ ನಿಂತಾಗ ನನಗೆ ಹೊಟ್ಟೆ ಉರಿಯುತ್ತದೆ. ಮಡಕೆ, ಎಲುಬು ಬಿಟ್ಟು ಅಲ್ಲಿ ಏನೂ ಇರಲಿಲ್ಲ. ಎರಡೂವರೆ ಸಾವಿರ ವರ್ಷ ನಿಂತ ಗೋಡೆ ಒಂದು ರಾತ್ರಿಯಲ್ಲಿ ಮಲಗಿದೆ.

ಆಡು ಮೇಯಿಸುತ್ತಿದ್ದ ಅಜ್ಜನೊಬ್ಬ ನಮ್ಮ ಪಕ್ಕ ಬಂದು ಕೂತು, ಕೇಳದೆಯೇ ಕಥೆ ಹೇಳಿದ. ನಮ್ಮಜ್ಜಿಯದೇ ಕಥೆ. ಮೂರಡಿ, ಆನೆಯ ಬಲ, ಬೆಂಕಿ ಮಳೆ. ಹುಡುಗ ಅಷ್ಟರಲ್ಲಿ ಒಂದು ಕಿಂಡಿಯ ಅಳತೆಯನ್ನು ಗೇಣು ಹಾಕಿ ಬರೆದುಕೊಳ್ಳುತ್ತಿದ್ದ. ಹೀಗೆ ಕಿಂಡಿಯಿಟ್ಟ ಗೋರಿಗಳನ್ನು ಹೊರಗಿನಿಂದ ಇನ್ನೊಂದು ಕಲ್ಲಿಟ್ಟು ಮುಚ್ಚುತ್ತಿದ್ದರು ಎಂದು ದಾರಿಯಲ್ಲಿ ನಾನು ಹೇಳಿದ್ದೆ. ಅವನು ತಲೆಯೆತ್ತಿ ಕೇಳಿದ:

"ಅಜ್ಜಾ, ಎಲ್ರೂ ಒಳಗ ಹೋಗಿ ಸತ್ರೆ, ಹೊರಗಿಂದ ಬಾಗ್ಲು ಮುಚ್ಚಿದೋರು ಯಾರು?"

ಅಜ್ಜ ಕೋಲಿನ ತುದಿಯಿಂದ ನೆಲ ಕೆದಕುತ್ತ ಕೂತ. ಈ ಪ್ರಶ್ನೆಯನ್ನು ಅವನಿಗೆ ಹಿಂದೆ ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ.

"ಉಳದೋರು ಮುಚ್ಚಿರ್ತಾರ, ತಮ್ಮಾ," ಎಂದ. ಎದ್ದು, ಹೊಂಡದ ಕಡೆ ಇಳಿಯುತ್ತಿದ್ದ ಆಡುಗಳನ್ನು ಕೂಗುತ್ತ ಹೋದ.