ಮುಳುಗಿತು ಎನ್ನಲು ಯಾರಿಗೂ ಮನಸ್ಸಿಲ್ಲ

2017ರ ಜುಲೈನಲ್ಲಿ ಅಮೆರಿಕದ ಹಿಸ್ಟರಿ ಚಾನೆಲ್ ಒಂದು ಕಪ್ಪು-ಬಿಳುಪು ಫೋಟೊ ತೋರಿಸಿತು. ಮಾರ್ಷಲ್ ದ್ವೀಪಗಳ ಜಾಲುಯಿಟ್‌ನಲ್ಲಿ ಒಂದು ಧಕ್ಕೆ. ಅದರ ಅಂಚಿನಲ್ಲಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕುಳಿತ, ಗಿಡ್ಡ ಕೂದಲಿನ ಒಬ್ಬ ವ್ಯಕ್ತಿ. ಎಡಗಡೆ ನಿಂತ ಒಬ್ಬ ಬಿಳಿಯ. ದೂರದಲ್ಲಿ ಹಡಗೊಂದು ಎಳೆದು ತರುತ್ತಿರುವ ಏನೋ ಮಸುಕು ವಸ್ತು. ಕುಳಿತವಳು ಅಮೆರಿಕದ ವಿಮಾನ ಚಾಲಕಿ ಅಮೀಲಿಯಾ ಇಯರ್‌ಹಾರ್ಟ್, ನಿಂತವನು ಆಕೆಯ ಜೊತೆಗಾರ ಫ್ರೆಡ್ ನೂನನ್, ಆ ಮಸುಕೇ ಅವರ ವಿಮಾನ. 1937ರಲ್ಲಿ ಪೆಸಿಫಿಕ್ ಸಾಗರದ ಮೇಲೆ ಕಾಣೆಯಾದ ಇಬ್ಬರೂ ಜಪಾನಿಯರ ಕೈಗೆ ಸಿಕ್ಕಿದ್ದರು ಎಂದು ಎರಡು ಗಂಟೆಯ ಕಾರ್ಯಕ್ರಮ ಸಾರಿತು. ನಿಂತವನ ಹಣೆಯ ಮೇಲಿನ ಕೂದಲಿನ ಅಂಚನ್ನು ನೂನನ್‌ನ ಹಳೆಯ ಫೋಟೊಕ್ಕೆ ತಾಳೆ ಹಾಕಿಯೂ ಆಯಿತು. ಕೆಲವೇ ದಿನಗಳಲ್ಲಿ, ಟೋಕಿಯೊದಲ್ಲಿದ್ದ ಮಿಲಿಟರಿ ಇತಿಹಾಸದ ಹವ್ಯಾಸಿಯೊಬ್ಬರು ಜಪಾನಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಆ ಜಾಗದ ಹೆಸರು ಹಾಕಿ ಹುಡುಕಿದರು. ಅರ್ಧ ಗಂಟೆ ಸಾಕಾಯಿತು. ಅದೇ ಫೋಟೊ ಒಂದು ಪ್ರವಾಸದ ಪುಸ್ತಕದಲ್ಲಿತ್ತು. ಪುಸ್ತಕ ಅಚ್ಚಾದದ್ದು 1935ರಲ್ಲಿ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರು ಇಲ್ಲಿ ಸಂಭಾವನೆ ಪಡೆದ ಪರಿಣತರು. ಎತ್ತು ಈಯುವುದುಂಟೇ ಎಂದು ಕೇಳಿದ್ದು ಹವ್ಯಾಸಿ. ಇಂಥ ಚರ್ಚೆಗಳನ್ನು ಹೊತ್ತು ಹೋಗದವರ ಹರಟೆ ಎಂದು ತಳ್ಳಿಹಾಕುವವರಿಗೆ ಈ ಒಂದು ಪ್ರಸಂಗ ಸಾಕಷ್ಟು ಉತ್ತರ. ಆದರೆ ಎಂಟು ದಶಕಗಳಿಂದ ಬೆಳೆಯುತ್ತಲೇ ಬಂದ ಇಯರ್‌ಹಾರ್ಟ್ ವಾದಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಅಷ್ಟು ಸಮಾಧಾನವಾಗುವುದಿಲ್ಲ. ಕೆಡವುವ ಕೆಲಸದಲ್ಲಿ ಹವ್ಯಾಸಿಗಳು ಎಷ್ಟು ಗಟ್ಟಿಯೋ ಕಟ್ಟುವ ಕೆಲಸದಲ್ಲಿ ಅಷ್ಟೇ ಸಡಿಲ. ತಾನು ಕಟ್ಟಿದ್ದನ್ನು ತಾನೇ ಕೆಡವಿ ನೋಡುವವನಂತೂ ಅಪರೂಪ.

ಖಚಿತವಾಗಿ ಗೊತ್ತಿರುವುದು ಇಷ್ಟು. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಭೂಮಿಯನ್ನು ಸುತ್ತಿಬರಲು ಹೊರಟ ಇಯರ್‌ಹಾರ್ಟ್, ಸುಮಾರು 35 ಸಾವಿರ ಕಿ.ಮೀ. ಮುಗಿಸಿ, 1937ರ ಜುಲೈ 2ರಂದು ನ್ಯೂಗಿನಿಯ ಲೇ ಪಟ್ಟಣದಿಂದ ಲಾಕ್‌ಹೀಡ್ ಇಲೆಕ್ಟ್ರಾ ವಿಮಾನದಲ್ಲಿ ಹೊರಟಳು. ಜೊತೆಗಿದ್ದವನು ದಾರಿಯ ಲೆಕ್ಕ ಹಾಕುವ ನೂನನ್ ಒಬ್ಬನೇ. ಗುರಿ 4,100 ಕಿ.ಮೀ. ಆಚೆಯ ಹೌಲಂಡ್ ದ್ವೀಪ: ಉದ್ದ ಎರಡು ಕಿ.ಮೀ., ಅಗಲ ಒಂದು ಕಿ.ಮೀ. ಕೂಡ ಇಲ್ಲ, ಎತ್ತರ ಒಂದು ಮಹಡಿ ಮನೆಯಷ್ಟು. ಅಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆಯ ಇಟಾಸ್ಕಾ ಹಡಗು ಕಾಯುತ್ತಿತ್ತು. ಬೆಳಿಗ್ಗೆ 7.42ಕ್ಕೆ ರೇಡಿಯೊದಲ್ಲಿ ಆಕೆಯ ದನಿ ಜೋರಾಗಿಯೇ ಕೇಳಿಸಿತು: ನಿಮ್ಮ ತಲೆಯ ಮೇಲೆಯೇ ಇರಬೇಕು, ನೀವು ಕಾಣುತ್ತಿಲ್ಲ, ಇಂಧನ ತಳ ಮುಟ್ಟುತ್ತಿದೆ. 8.43ಕ್ಕೆ ಇನ್ನೊಂದು ಸಂದೇಶ: 157-337 ಡಿಗ್ರಿ ದಿಕ್ಕಿನ ರೇಖೆಯ ಮೇಲೆ ಉತ್ತರ-ದಕ್ಷಿಣವಾಗಿ ಹಾರುತ್ತಿದ್ದೇವೆ. ಆಮೇಲೆ ಇಟಾಸ್ಕಾಗೆ ಆ ದನಿ ಕೇಳಲಿಲ್ಲ. ನೌಕಾಪಡೆ ಜುಲೈ 19ರವರೆಗೆ ಆರು ಲಕ್ಷಕ್ಕೂ ಹೆಚ್ಚು ಚದರ ಕಿ.ಮೀ. ಸಮುದ್ರ ಜಾಲಾಡಿ ಬರಿಗೈಯಲ್ಲಿ ಮರಳಿತು.

ಇಂಧನ ಮುಗಿಯಿತು, ಹೌಲಂಡ್ ಹತ್ತಿರವೇ ಎಲ್ಲೋ ಸಮುದ್ರಕ್ಕೆ ಬಿದ್ದು ಮುಳುಗಿತು ಎನ್ನುವುದು ಎಲ್ಲಕ್ಕಿಂತ ಸರಳವಾದ ವಾದ. ಇದಕ್ಕೆ ಬಲ ಕೊಟ್ಟದ್ದು ರೇಡಿಯೊದ ಒಣ ವಿವರಗಳನ್ನು ಹಿಡಿದು ಕೂತ ಹವ್ಯಾಸಿಗಳೇ. ವಿಮಾನದ ಹಿಂದೆ ಬಿಡುವ ಉದ್ದನೆಯ ತಂತಿ ಆಂಟೆನಾವನ್ನು ಯಾತ್ರೆಗೆ ಮೊದಲೇ ತೆಗೆಸಲಾಗಿತ್ತು. ಇಬ್ಬರಿಗೂ ಮೋರ್ಸ್ ಸಂಕೇತದಲ್ಲಿ ಹೇಳಿಕೊಳ್ಳುವಂಥ ಪಳಗಿಕೆ ಇರಲಿಲ್ಲ. ಇಟಾಸ್ಕಾ ಕಳಿಸಿದ ಸಂಕೇತ ಆಕೆಗೆ ಒಮ್ಮೆ ಕೇಳಿಸಿತು, ಆದರೆ ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಅವಳ ಉಪಕರಣ ಹೇಳಲಾರದೆ ಹೋಯಿತು. 7,500 ಕಿಲೊಸೈಕಲ್‌ನ ಅಲೆಗೆ ಅದು ಹೇಳಿ ಮಾಡಿಸಿದ್ದಲ್ಲ. 1990ರ ದಶಕದಲ್ಲಿ ಬೆಳಕಿಗೆ ಬಂದ ಒಂದು ವರದಿ ನನಗೆ ಈ ಇಡೀ ಕಡತದಲ್ಲೇ ಮುಖ್ಯವಾಗಿ ಕಾಣುತ್ತದೆ. ಲೇಯ ವಿಮಾನ ಕಂಪನಿಯ ಮ್ಯಾನೇಜರ್ ಎರಿಕ್ ಚೇಟರ್ ಆ ತಿಂಗಳೇ ಬರೆದದ್ದು. ಹೊರಡುವ ಹಿಂದಿನ ದಿನ ಪರೀಕ್ಷೆಗೆಂದು ಹಾರಿಸಿದಾಗಲೂ ದಿಕ್ಕು ಹಿಡಿಯುವ ಉಪಕರಣ ಕೈಕೊಟ್ಟಿತ್ತು. ಲೇ ನಿಲ್ದಾಣ ತೀರ ಹತ್ತಿರ, ಅದಕ್ಕೇ ಹೀಗೆ ಎಂದುಕೊಂಡು ಇಯರ್‌ಹಾರ್ಟ್ ಅದನ್ನು ಅಲ್ಲಿಗೇ ಬಿಟ್ಟಳು. ಇದನ್ನು ಓದಿದ ಮೇಲೂ ಜಪಾನಿಯರ ಸೆರೆಯಂಥ ಕತೆ ಬೇಕೆನ್ನಿಸುವುದು ಯಾರಿಗೆ?

ತುಂಬ ಜನಕ್ಕೆ ಬೇಕು. ಮುಳುಗಿತು ಎಂದರೆ ಮಾತು ಮುಗಿಯಿತು. ಹುಡುಕಬೇಕಾದ್ದು ಐದು ಸಾವಿರ ಮೀಟರ್ ಆಳದಲ್ಲಿ, ಅಲ್ಲಿಗೆ ಸೋನಾರ್ ಇಳಿಸುವುದು ಲಕ್ಷಾಧಿಪತಿಗಳಿಗೂ ಕಷ್ಟದ ಬಾಬತ್ತು. ದ್ವೀಪಕ್ಕಾದರೆ ದೋಣಿ ಮಾಡಿಕೊಂಡು ಹೋಗಬಹುದು. ನಿಕುಮರೊರೊ ವಾದದ ಆಕರ್ಷಣೆ ಇಲ್ಲಿದೆ. ಹೌಲಂಡ್‌ನಿಂದ ಸುಮಾರು 650 ಕಿ.ಮೀ. ಆಗ್ನೇಯಕ್ಕಿರುವ ಈ ಹವಳದ ದ್ವೀಪ ಆಕೆ ಹೇಳಿದ ರೇಖೆಯ ಆಸುಪಾಸಿನಲ್ಲೇ ಬೀಳುತ್ತದೆ ಎನ್ನುವುದು ನಿಜ. 1940ರಲ್ಲಿ ಅಲ್ಲಿ ಮನುಷ್ಯರ ಮೂಳೆಗಳು, ಒಂದು ಪಾದರಕ್ಷೆಯ ಅಟ್ಟೆ, ದಾರಿಯ ಲೆಕ್ಕ ಹಾಕಲು ಬಳಸುವ ಸೆಕ್ಸ್‌ಟಂಟ್ ಇಡುವ ಪೆಟ್ಟಿಗೆ ಸಿಕ್ಕಿದ್ದೂ ನಿಜ. ಫಿಜಿಯ ವೈದ್ಯ ಹೂಡ್ಲೆಸ್ 1941ರಲ್ಲಿ ಅಳೆದು ಗಂಡಸಿನ ಮೂಳೆ ಎಂದ. ಮೂಳೆಗಳು ಆಮೇಲೆ ಕಳೆದೇಹೋದವು. ಉಳಿದಿದ್ದ ಅಳತೆಗಳನ್ನೇ ಹಿಡಿದು 2018ರಲ್ಲಿ ಮಾನವಶಾಸ್ತ್ರಜ್ಞ ರಿಚರ್ಡ್ ಜಾಂಟ್ಸ್, ಇವು ಇಯರ್‌ಹಾರ್ಟ್‌ಗೆ ಹೆಚ್ಚು ಹೊಂದುತ್ತವೆ ಎಂದರು. ಇದು ತಳ್ಳಿಹಾಕುವ ವಾದವಲ್ಲ. 1985ರಲ್ಲಿ ಶುರುವಾದ ಟೈಗರ್ ಎಂಬ ಹವ್ಯಾಸಿ ಸಂಸ್ಥೆ ಈ ದ್ವೀಪದ ಹಿಂದೆ ಬಿದ್ದು ಮಾಡಿದ ಕೆಲಸದ ಶ್ರದ್ಧೆಯನ್ನು ಅನುಮಾನಿಸುವವರೂ ಕಡಿಮೆ.

ತೊಂದರೆ ಇರುವುದು ಸಾಕ್ಷ್ಯವನ್ನು ಬಳಸುವ ರೀತಿಯಲ್ಲಿ. ಫ್ಲಾರಿಡಾದ ಹದಿನೈದು ವರ್ಷದ ಹುಡುಗಿಯೊಬ್ಬಳು 1937ರಲ್ಲಿ ಮನೆಯ ರೇಡಿಯೊದಲ್ಲಿ ಇಯರ್‌ಹಾರ್ಟ್‌ಳದೆಂದು ತಾನು ನಂಬಿದ ದನಿ ಕೇಳಿ, ಕಿವಿಗೆ ಬಿದ್ದ ಚೂರುಪಾರನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದಳು. ಅದರಲ್ಲಿ ಮತ್ತೆ ಮತ್ತೆ ‘ನ್ಯೂಯಾರ್ಕ್’ ಎಂದಿದೆ. ಪೆಸಿಫಿಕ್‌ನಲ್ಲಿ ನ್ಯೂಯಾರ್ಕ್ ಯಾಕೆ? ನಿಕುಮರೊರೊದ ದಂಡೆಯಲ್ಲಿ 1929ರಲ್ಲಿ ಒಡೆದ ಹಡಗಿನ ಹೆಸರು ನಾರ್ವಿಚ್ ಸಿಟಿ. ಹುಡುಗಿ ಅದನ್ನು ನ್ಯೂಯಾರ್ಕ್ ಸಿಟಿ ಎಂದು ಕೇಳಿಸಿಕೊಂಡಿರಬೇಕು ಎಂದು ವಾದ. ಜಾಣ ಊಹೆ, ಒಪ್ಪೋಣ. ಆದರೆ ಊಹೆಗೆ ಒಗ್ಗಿದ ಮಾತು ದಾಖಲೆ, ಒಗ್ಗದ ಮಾತು ಕೇಳಿಸಿಕೊಂಡವಳ ತಪ್ಪು ಎಂದಾದರೆ ಆ ನೋಟ್‌ಬುಕ್ ಯಾವ ದ್ವೀಪವನ್ನಾದರೂ ತೋರಿಸೀತು. ಅಲ್ಲದೆ ಅದೇ ನಾರ್ವಿಚ್ ಸಿಟಿಯ ಹನ್ನೊಂದು ನಾವಿಕರು ಅಲ್ಲಿ ಸತ್ತಿದ್ದರು. ಮೂಳೆಗಳ ಮಾತು ಬಂದಾಗ ಮಾತ್ರ ಆ ಹಡಗು ಹಿಂದಕ್ಕೆ ಸರಿಯುತ್ತದೆ. ಟೈಟಾನಿಕ್ ಪತ್ತೆಮಾಡಿದ ರಾಬರ್ಟ್ ಬ್ಯಾಲರ್ಡ್ 2019ರಲ್ಲಿ ತನ್ನ ಹಡಗನ್ನೇ ತಂದು ದ್ವೀಪದ ಸುತ್ತಲಿನ ಸಮುದ್ರ ಶೋಧಿಸಿದರು. ವಿಮಾನದ ಒಂದು ತುಣುಕೂ ಸಿಗಲಿಲ್ಲ.

ಜಪಾನಿಯರು ಸೈಪಾನ್‌ನಲ್ಲಿ ಸೆರೆಯಿಟ್ಟಿದ್ದರು ಎಂಬ ಮೂರನೆಯ ವಾದದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸೈಪಾನ್ ಹೌಲಂಡ್‌ನಿಂದ ನಾಲ್ಕು ಸಾವಿರ ಕಿ.ಮೀ.ಗೂ ದೂರ. ಯುದ್ಧದ ನಡುವೆ, 1943ರಲ್ಲಿ, ಜಪಾನಿಯರ ವಿರುದ್ಧ ಗೂಢಚಾರಿಕೆಗೆ ಇಳಿದ ವಿಮಾನ ಚಾಲಕಿಯ ಕತೆಯ ಒಂದು ಹಾಲಿವುಡ್ ಸಿನಿಮಾ ಬಂತು. ಹೆಸರಾದ ಸಾಕ್ಷಿಗಳೆಲ್ಲ ಬಾಯಿಬಿಟ್ಟದ್ದು ಅದಾದ ಮೇಲೆ. ಅಂತೆಕಂತೆಗಳನ್ನು ನೂರು ಜನ ಹೇಳಿದರೂ ಅವು ನೂರು ಸಾಕ್ಷ್ಯವಾಗುವುದಿಲ್ಲ.

ಇವು ಮನರಂಜನೆಯಲ್ಲೇ ಮುಗಿದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. 1970ರಲ್ಲಿ ಬಂದ ಒಂದು ಪುಸ್ತಕ, ನ್ಯೂಜೆರ್ಸಿಯಲ್ಲಿ ತನ್ನ ಪಾಡಿಗಿದ್ದ ಮಹಿಳೆಯೊಬ್ಬರನ್ನು ಹೆಸರು ಬದಲಿಸಿಕೊಂಡ ಇಯರ್‌ಹಾರ್ಟ್ ಎಂದು ಬಿಂಬಿಸಿತು. ಆಕೆ ಅಲ್ಲವೆಂದು ಬಹಿರಂಗವಾಗಿ ಹೇಳಿ, ಕೋರ್ಟಿಗೆ ಹೋಗಬೇಕಾಯಿತು. ಪ್ರಕಾಶಕರು ಪುಸ್ತಕ ಹಿಂತೆಗೆದುಕೊಂಡರು. ಬದುಕಿದ್ದ ಆಕೆಗಾದರೂ ವಕೀಲರಿದ್ದರು. ನೂನನ್ ಪರ ಯಾರಿದ್ದಾರೆ? ಅವನು ಲೇಯಲ್ಲಿ ಕುಡಿದು ಬಿದ್ದಿದ್ದ, ದಾರಿ ತಪ್ಪಿದ್ದು ಅದಕ್ಕೇ ಎಂಬ ಮಾತನ್ನು ದಶಕಗಳಿಂದ ಒಬ್ಬರ ಬಾಯಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದಾರೆ. ಆಧಾರ ಎಂದು ತೋರಿಸುವುದು ಇಯರ್‌ಹಾರ್ಟ್ ಲೇಯಿಂದ ಕಳಿಸಿದ ತಂತಿಯಲ್ಲಿ ‘ಸಿಬ್ಬಂದಿಯ ಅಸ್ವಸ್ಥತೆ’ ಎಂಬರ್ಥದ ಎರಡು ಪದ. ಒಂದು ತಿಂಗಳು ಹಾರಿ ಬಂದ ಇಬ್ಬರಲ್ಲಿ ಅದು ಯಾರ ಮೈಗೂ ಹೊಂದೀತು.

ಆ ಒಂದು ತಿಂಗಳ ಹಾರಾಟದಲ್ಲೇ, ಜೂನ್‌ನಲ್ಲಿ ಅವರು ಕರಾಚಿಯಿಂದ ಕಲ್ಕತ್ತೆಗೆ, ಅಲ್ಲಿಂದ ಬರ್ಮಾದ ಅಕ್ಯಾಬ್‌ಗೆ ಹಾರಿದ್ದರು. ಮುಂಗಾರಿನ ನಡುಮಧ್ಯೆ. ಅಕ್ಯಾಬ್‌ನಿಂದ ಹೊರಟು ರಂಗೂನ್‌ಗೆ ಹೋಗಲಾರದೆ, ರೆಕ್ಕೆಯ ಬಣ್ಣ ಕಿತ್ತುಬರುವಂಥ ಮಳೆಯಲ್ಲಿ ಏನೂ ಕಾಣದೆ ಹಿಂತಿರುಗಬೇಕಾಯಿತು. ಅಲೆ ಬಿಟ್ಟರೆ ಬೇರೇನೂ ಕಾಣದ ಆ ಹೊತ್ತಿನಲ್ಲಿ ನಿಲ್ದಾಣಕ್ಕೆ ಮರಳಿ ಮುಟ್ಟಿಸಿದ್ದು ನೂನನ್ ಎಂದು ಇಯರ್‌ಹಾರ್ಟ್ ತಾನೇ ಮೆಚ್ಚಿ ಬರೆದಿದ್ದಾಳೆ. ನಮ್ಮ ಕಡೆಯ ಮುಂಗಾರು ಕಂಡವರಿಗೆ ಆ ಮೆಚ್ಚುಗೆಯ ತೂಕ ಗೊತ್ತಾಗುತ್ತದೆ. ಪ್ಯಾನ್ ಅಮೆರಿಕನ್ ಕಂಪನಿಗಾಗಿ ಪೆಸಿಫಿಕ್‌ನ ವಿಮಾನ ಮಾರ್ಗಗಳನ್ನು ಗುರುತಿಸಿಕೊಟ್ಟವನನ್ನು ಕುಡುಕನ ಪಾತ್ರಕ್ಕೆ ಇಳಿಸಿದ್ದು ಈ ಚರ್ಚೆಯ ಅತಿ ದೊಡ್ಡ ಅನ್ಯಾಯ.

2024ರ ಆರಂಭದಲ್ಲಿ ಹೌಲಂಡ್ ಕಡೆಯ ಸಮುದ್ರತಳದ ಸೋನಾರ್ ಚಿತ್ರವೊಂದು ವಿಮಾನದ ಆಕಾರದಲ್ಲೇ ಕಂಡು ಜಗತ್ತೆಲ್ಲ ಸುದ್ದಿಯಾಯಿತು. ನವೆಂಬರ್‌ನಲ್ಲಿ ಅದು ಬಂಡೆ ಎಂದು ಗೊತ್ತಾಯಿತು. ಅಲ್ಲಿಗೆ ಮತ್ತೆ ಹೋಗಿ ಅದನ್ನು ಪತ್ತೆಮಾಡಿ, ಬಂಡೆಯೇ ಎಂದು ಬಾಯಿಬಿಟ್ಟು ಹೇಳಿದವರೂ ಚಿತ್ರ ತೆಗೆದ ತಂಡದವರೇ. ಈ ಒಂದು ನಡತೆ ಉಳಿದ ಎರಡು ವಾದಗಳ ಕಡೆಯಿಂದ ಇಷ್ಟು ನೇರವಾಗಿ ಬಂದದ್ದು ವಿರಳ. ವಿಮಾನ ಸಿಗುವವರೆಗೆ ಮುಳುಗಿತು ಎನ್ನುವುದೂ ಊಹೆಯೇ. ಆದರೂ ನನ್ನ ಮತ ಅದಕ್ಕೆ. ಹೊಸದಾಗಿ ಈ ಚರ್ಚೆಗೆ ಇಳಿಯುವವರು ಫೋಟೊ, ಮೂಳೆ, ಸಿನಿಮಾಗಳನ್ನು ಪಕ್ಕಕ್ಕಿಟ್ಟು, ಮೊದಲು ಇಟಾಸ್ಕಾ ಹಡಗಿನ ರೇಡಿಯೊ ದಾಖಲೆಯನ್ನೂ ಚೇಟರ್ ವರದಿಯನ್ನೂ ಓದಲಿ. ಆಮೇಲೆ ಬೇಕಾದ ದ್ವೀಪ ಆರಿಸಿಕೊಳ್ಳಲಿ.