ನೆರಳಿಲ್ಲದ ನಕ್ಷೆ

ಮುಂಬಯಿಯ ಉಪನಗರಗಳಲ್ಲಿ ಈಚೆಗೆ ಮನೆಮೇಲಣ ಸೌರಫಲಕಗಳಿಗೆ ಲಭಿಸಿರುವ ಕೀರ್ತಿಯು, ಕೃತಿಯನ್ನು ಓದದೆ ಅದರ ಮುನ್ನುಡಿಯನ್ನು ಮಾತ್ರ ಓದಿ ತಲೆದೂಗುವ ಸಹೃದಯರಿಂದ ಗ್ರಂಥಕರ್ತನಿಗೆ ಒದಗುವ ಕೀರ್ತಿಯ ಜಾತಿಗೆ ಸೇರಿದುದು. ಆ ಮುನ್ನುಡಿ 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಸಾರಿದ ಪಿಎಂ ಸೂರ್ಯ ಘರ್ ಯೋಜನೆ: ಒಂದು ಕೋಟಿ ಮನೆಗಳು, ತಿಂಗಳಿಗೆ 300 ಯೂನಿಟ್‌ವರೆಗೆ ಉಚಿತ ವಿದ್ಯುತ್ತು, ಮೂರು ಕಿಲೋವ್ಯಾಟಿನ ಮನೆಗೆ 78,000 ರೂಪಾಯಿ ಸಹಾಯಧನ. ಉಳಿದ ವಿದ್ಯುತ್ತನ್ನು ತಂತಿಗೆ ಬಿಟ್ಟು ಬಿಲ್ಲಿನಲ್ಲಿ ಜಮೆ ಪಡೆಯುವ ನೆಟ್ ಮೀಟರಿನ ವ್ಯವಸ್ಥೆಯೂ ಭಾಂಡೂಪ-ಮುಲುಂಡಿನ ಗ್ರಾಹಕರಿಗೂ ಅಂಧೇರಿ-ಬೋರಿವಲಿಯ ಗ್ರಾಹಕರಿಗೂ ವಿದ್ಯುತ್ತು ಪೂರೈಸುವ ಕಂಪನಿಗಳ ಭೇದವೂ ಓದುಗರಿಗೆ ತಿಳಿದೇ ಇರುವುದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಈ ಪದ್ಧತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬಹುಮಟ್ಟಿಗೆ ಪ್ರತಿಕೂಲವಾದುದೆಂದು ಮೊದಲೇ ಹೇಳಿಬಿಡುವುದು ಲೇಸು. ಆಕ್ಷೇಪಣೆ ಫಲಕದ ಮೇಲಲ್ಲ. ಅದರ ಶಾಸ್ತ್ರ ನಿರ್ದುಷ್ಟವಾದುದು. ಆಕ್ಷೇಪಣೆ ಇರುವುದು ಅದನ್ನು ನಮ್ಮ ಸೊಸೈಟಿಗಳ ಟೆರೇಸುಗಳಿಗೆ ಹೊಂದಿಸುವ ರಚನಾವಿಧಾನದ ಮೇಲೆ.

ಈ ರಚನಾವಿಧಾನವನ್ನು ಪರೀಕ್ಷಿಸಲು ಗುತ್ತಿಗೆದಾರನು ಮಹಾಸಭೆಯ ಮುಂದಿಡುವ ಪ್ರಸ್ತಾವದ ಒಂದೇ ಪುಟ ಸಾಕು. ಉಪಗ್ರಹದಿಂದ ತೆಗೆದ ಟೆರೇಸಿನ ಚಿತ್ರ. ಅದರ ಮೇಲೆ ಸಾಲುಸಾಲಾಗಿ ಜೋಡಿಸಿದ ನೀಲಿ ಆಯತಗಳು. ಕೆಳಗೆ ಒಂದು ಸಂಖ್ಯೆ, ಕಿಲೋವ್ಯಾಟಿಗೆ ದಿನವೊಂದಕ್ಕೆ ನಾಲ್ಕು ಯೂನಿಟ್. ಸಭೆಯಲ್ಲಿ ಈ ಪುಟ ಕೈಯಿಂದ ಕೈಗೆ ದಾಟುವಾಗ ಎಲ್ಲರೂ ಸಂಖ್ಯೆಯನ್ನು ಓದುವರು, ಚಿತ್ರವನ್ನು ಓದುವವರು ವಿರಳ. ಆದರೆ ಚಿತ್ರವೇ ಇಲ್ಲಿ ಮುಖ್ಯ ಪಾಠ. ಅದು ಮೇಲಿನಿಂದ ಕಂಡ ನೋಟವಾದುದರಿಂದ ಎತ್ತರವೆಂಬ ಗುಣವೇ ಅದರಲ್ಲಿ ಲೋಪಗೊಂಡಿದೆ: ನೀರಿನ ಟ್ಯಾಂಕು ಒಂದು ಚೌಕ, ಲಿಫ್ಟಿನ ಯಂತ್ರಕೋಣೆ ಇನ್ನೊಂದು ಚೌಕ, ಪಕ್ಕದ ಪ್ಲಾಟಿನಲ್ಲಿ ಇಪ್ಪತ್ತೆರಡು ಮಾಳಿಗೆ ಎದ್ದುನಿಂತ ಗೋಪುರವೂ ಕೇವಲ ಮತ್ತೊಂದು ಚೌಕ. ನೆರಳು ಎಲ್ಲಿಯಾದರೂ ಕಂಡರೆ ಅದು ಆ ಚಿತ್ರ ತೆಗೆದ ಗಳಿಗೆಯ ನೆರಳು ಮಾತ್ರ. ಆಯತಗಳನ್ನು ಎಳೆದವನು ಆ ಗಳಿಗೆಯನ್ನೇ ಇಡೀ ವರ್ಷವೆಂದು ಭಾವಿಸಿ, ಖಾಲಿ ಕಂಡಲ್ಲೆಲ್ಲ ನೀಲಿಯನ್ನು ತುಂಬಿದ್ದಾನೆ.

ವರ್ಷವಾದರೂ ಹಾಗಿಲ್ಲ. ಮುಂಬಯಿ ಇರುವುದು ಉತ್ತರ ಅಕ್ಷಾಂಶ ಹತ್ತೊಂಬತ್ತರ ಆಸುಪಾಸಿನಲ್ಲಿ. ಡಿಸೆಂಬರ್ 21ರಂದು ಬೆಳಗಿನ ಒಂಬತ್ತು ಗಂಟೆಗೆ ಇಲ್ಲಿ ಸೂರ್ಯನು ಕ್ಷಿತಿಜದಿಂದ ಸುಮಾರು 22 ಅಂಶ ಮಾತ್ರ ಏರಿರುತ್ತಾನೆ. ಆಗ ಹತ್ತಡಿ ಎತ್ತರದ ಟ್ಯಾಂಕಿನ ನೆರಳು ವಾಯವ್ಯದ ಕಡೆಗೆ ಹೆಚ್ಚುಕಡಿಮೆ 25 ಅಡಿ ಚಾಚುತ್ತದೆ. ಅದೇ ದಿನದ ನಡುಹಗಲಲ್ಲಿಯೂ ಸೂರ್ಯನ ಎತ್ತರ 47 ಅಂಶಗಳನ್ನು ಸ್ವಲ್ಪವೇ ಮೀರುವುದರಿಂದ ನೆರಳು ಒಂಬತ್ತಡಿಗೆ ಕಡಿಮೆಯಾಗದು. ಇದಕ್ಕೆ ತದ್ವಿರುದ್ಧವಾಗಿ ಮೇ ಮಧ್ಯಭಾಗದಲ್ಲಿ ಒಂದು ದಿನವೂ ಜುಲೈ ಕೊನೆಯಲ್ಲಿ ಇನ್ನೊಂದು ದಿನವೂ ಸೂರ್ಯನು ನಡುನೆತ್ತಿಗೇ ಬಂದು ಕಂಬದ ನೆರಳು ಕಂಬದ ಬುಡದಲ್ಲಿಯೇ ಅಡಗುತ್ತದೆ. ಆ ಎರಡು ದಿನಗಳ ನಡುವೆ ಮಧ್ಯಾಹ್ನಸೂರ್ಯನು ನಮಗೆ ಉತ್ತರದಲ್ಲಿಯೇ ಇರುತ್ತಾನೆ. ನಕ್ಷೆಯು ಕಲ್ಪಿಸಿಕೊಂಡಿರುವ ನೆರಳಿಲ್ಲದ ಟೆರೇಸು ವಾಸ್ತವದಲ್ಲಿ ದೊರೆಯುವುದು ಈ ಎರಡೂವರೆ ತಿಂಗಳಲ್ಲಿ. ಆದರೆ ಇದರ ಬಹುಭಾಗ ಮುಂಗಾರಿನ ಪಾಲು! ಜುಲೈ ಒಂದರಲ್ಲಿಯೇ ಸಾಂತಾಕ್ರೂಜಿನಲ್ಲಿ ಸರಾಸರಿ ಸುಮಾರು 900 ಮಿಲಿಮೀಟರ್ ಮಳೆ ಬೀಳುತ್ತದೆ. ನೆರಳು ಅತ್ಯಲ್ಪವಾಗಿರುವಾಗ ಸೂರ್ಯನು ಮೇಘಾಚ್ಛನ್ನ. ಆಕಾಶ ಗಾಜಿನಂತೆ ತಿಳಿಯಾಗಿರುವ ಚಳಿಗಾಲದಲ್ಲಿ ನೆರಳು ದೀರ್ಘ. ಮಾರ್ಚಿನಿಂದ ಮೇ ತಿಂಗಳವರೆಗೆ ಫಲಕಗಳು ಯಥೇಷ್ಟ ದುಡಿಯುವುದು ನಿಜವಾದರೂ ಆ ಒಂದು ಋತುವಿನ ದುಡಿಮೆಯನ್ನು ವರ್ಷಕ್ಕೆಲ್ಲ ಹಂಚುವ ಸಂಖ್ಯೆಯನ್ನು ಪ್ರತಿಯೊಂದು ಟೆರೇಸಿಗೂ ಸಮನಾಗಿ ಅನ್ವಯಿಸುವಂತಿಲ್ಲ.

ಒಂದು ಫಲಕದ ಮೂಲೆಯ ಮೇಲೆ ನೆರಳು ಬಿದ್ದರೆ ಆ ಮೂಲೆಯಷ್ಟೇ ನಷ್ಟವೆಂದು ತಿಳಿಯುವವರು ಬಹಳ. ಫಲಕಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಎಲ್ಲದರಲ್ಲಿಯೂ ಒಂದೇ ಪ್ರವಾಹ ಹರಿಯಬೇಕಾಗಿದ್ದು, ಮಬ್ಬಾದ ಒಂದು ಕೋಶವು ಉಳಿದವನ್ನೂ ತನ್ನ ದೌರ್ಬಲ್ಯದ ಮಟ್ಟಕ್ಕೆ ಎಳೆಯುತ್ತದೆ. ಈ ದೋಷವನ್ನು ಪರಿಹರಿಸಲೆಂದೇ ಪ್ರತಿ ಫಲಕದ ಬೆನ್ನಿನಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡುಗಳನ್ನಿಟ್ಟಿರುತ್ತಾರೆ. ಅವು ನೆರಳು ಬಿದ್ದ ಭಾಗವನ್ನು ಬಿಟ್ಟು ಪ್ರವಾಹವನ್ನು ಮುಂದಕ್ಕೆ ದಾಟಿಸುತ್ತವೆ, ಆದರೆ ಆ ಭಾಗದ ಉತ್ಪತ್ತಿಯೆಲ್ಲವೂ ಅಲ್ಲಿಗೆ ವ್ಯರ್ಥ. ಫಲಕಕ್ಕೊಂದರಂತೆ ಮೈಕ್ರೋ ಇನ್ವರ್ಟರ್ ಹಾಕಿದರೆ ಒಂದರ ರೋಗ ಇನ್ನೊಂದಕ್ಕೆ ಅಂಟದು. ಖರ್ಚು ಹೆಚ್ಚೆಂದು ಪ್ರಸ್ತಾವದಲ್ಲಿ ಅದರ ಹೆಸರೂ ಬರುವುದಿಲ್ಲ. ವರ್ಷದ ಪ್ರತಿ ಗಂಟೆಯ ನೆರಳನ್ನು ಎಣಿಸಿಕೊಡುವ ತಂತ್ರಾಂಶಗಳು ಇಲ್ಲದಿಲ್ಲ, ಅವನ್ನು ಬಳಸುವ ಪ್ರಾಮಾಣಿಕ ಗುತ್ತಿಗೆದಾರರೂ ಇಲ್ಲದಿಲ್ಲ. ಆದರೂ ಸಭೆಗೆ ಬರುವ ಪುಟ ಮಾತ್ರ ಆ ನೀಲಿ ಆಯತಗಳದೇ.

ಇಂದಿನ ನೆರಳನ್ನು ಹೇಗೋ ಎಣಿಸಿದರೂ ನಾಳೆಯದನ್ನು ಎಣಿಸುವವರಾರು? ಪಕ್ಕದ ನಾಲ್ಕು ಮಾಳಿಗೆಯ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗಿ ಗೋಪುರವಾಗಿ ಬೆಳೆದರೆ ನಮ್ಮ ಬಿಸಿಲು ನಮ್ಮದಾಗಿ ಉಳಿಯದು. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯಿದೆ ಕಟ್ಟಡವೊಂದಕ್ಕೆ ಬರುವ ಬೆಳಕಿನ ಮೇಲೆ ಹಕ್ಕನ್ನು ಮನ್ನಿಸುವುದು ಆ ಬೆಳಕನ್ನು ಇಪ್ಪತ್ತು ವರ್ಷ ನಿರಾತಂಕವಾಗಿ ಅನುಭವಿಸಿದ ಮೇಲೆ. ಫಲಕದ ಆಯುಷ್ಯವೇ ಇಪ್ಪತ್ತೈದು ವರ್ಷವೆನ್ನುವಾಗ, ಹಾಗೊಂದು ಹಕ್ಕು ಕೂಡಿಬಂದರೂ ಫಲಕಕ್ಕೆ ಉಳಿಯುವುದು ಮುಪ್ಪು ಮಾತ್ರ.

ಇನ್ನು ವಿಮರ್ಶಕರ ಮಾತು. ಈ ವಿಷಯದಲ್ಲಿ ಬರೆಯುವವರಲ್ಲಿ ಮೊದಲ ವರ್ಗದವರು ಲೆಕ್ಕಿಗರು. ಹೂಡಿದ ಹಣ ನಾಲ್ಕು ವರ್ಷದಲ್ಲಿ ಮರಳುವುದೋ ಆರರಲ್ಲಿಯೋ ಎಂಬ ಇವರ ಪರಸ್ಪರ ಕಲಹ ಉಗ್ರವಾದುದು. ಆದರೆ ಇಬ್ಬರೂ ಆ ನಾಲ್ಕು ಯೂನಿಟಿನ ಸಂಖ್ಯೆಯನ್ನು ಪರೀಕ್ಷಿಸದೆ ಅಂಗೀಕರಿಸಿಯೇ ಕಲಹಕ್ಕೆ ಇಳಿದಿರುತ್ತಾರೆ. ಎರಡನೆಯ ವರ್ಗದವರು ಮಳೆಗಾಲವನ್ನು ತೋರಿಸಿ ಇಡೀ ಪದ್ಧತಿಯನ್ನು ಹಳಿಯುವವರು. ಇವರ ಆಕ್ಷೇಪಣೆ ಇನ್ನೂ ದುರ್ಬಲ. ಮಹಾರಾಷ್ಟ್ರದ ನೆಟ್ ಮೀಟರ್ ನಿಯಮದಂತೆ ಉಳಿಕೆ ಯೂನಿಟುಗಳ ಜಮೆ ಆರ್ಥಿಕ ವರ್ಷದ ಕೊನೆಯವರೆಗೆ ಮುಂದುವರಿಯುವುದು. ವರ್ಷ ಆರಂಭವಾಗುವುದು ಏಪ್ರಿಲಿನಲ್ಲಾದುದರಿಂದ ಕಡುಬೇಸಗೆಯ ಉಳಿಕೆ ಇದ್ದರೆ ಅದು ಜುಲೈ ತಿಂಗಳ ಕೊರತೆಗೆ ಒದಗುತ್ತದೆ. ಯಾರೂ ಮುಂಬಯಿಯ ಹವೆಯನ್ನು ನೆನೆದು ಹೀಗೆ ಮಾಡಿದ್ದಲ್ಲವಾದರೂ, ಈ ಪದ್ಧತಿ ಈ ಊರಿಗೆ ನಿಜವಾಗಿ ಹೊಂದಿಕೊಂಡಿರುವ ಸ್ಥಳ ಇದೊಂದೇ.

ಮೂರನೆಯ ವರ್ಗದವರೊಡನೆ ನನ್ನ ಜಗಳ ಸ್ವಲ್ಪ ದೀರ್ಘವಾದುದು, ಏಕೆಂದರೆ ಇವರು ನಮ್ಮವರು. ಮುಂಬಯಿಯ ಕನ್ನಡ ಸಂಘಗಳ ವೇದಿಕೆಗಳಲ್ಲಿ ಸೌರಶಕ್ತಿಯ ಪ್ರಸ್ತಾಪ ಬಂದೊಡನೆ ಊರಿನ ಉದಾಹರಣೆ ಎತ್ತುವವರಿದ್ದಾರೆ: ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ ಕರ್ನಾಟಕದ ಹಳ್ಳಿಮನೆಗಳಿಗೆ ಬ್ಯಾಂಕಿನ ಸಾಲದ ಮೇಲೆ ದೀಪವನ್ನು ಮುಟ್ಟಿಸಿದರು, 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಗೆ ಪಾತ್ರರಾದರು, ನಮ್ಮಿಂದೇಕಾಗದು? ಸೆಲ್ಕೋದ ಸಾಧನೆಗೆ ನಾನೂ ಕೈಮುಗಿಯುವವನೇ. ಆದರೆ ಅಲ್ಲಿಯ ಫಲಕದ ಸಾರ್ಥಕ್ಯವೆಲ್ಲ ಇದ್ದುದು ತಂತಿ ಬಾರದ ಅಥವಾ ಬಂದೂ ಕೈಕೊಡುವ ಮನೆಯಲ್ಲಿ, ಬ್ಯಾಟರಿಯ ಜೊತೆಯಲ್ಲಿ. ಇಲ್ಲಿಯ ಫಲಕ ತಂತಿಯ ಆಶ್ರಿತ. ತಂತಿಯಲ್ಲಿ ವಿದ್ಯುತ್ತು ನಿಂತೊಡನೆ, ಲೈನಿನ ಕೆಲಸದವರ ಪ್ರಾಣರಕ್ಷಣೆಗಾಗಿ, ಇನ್ವರ್ಟರು ತಾನೂ ನಿಲ್ಲಲೇಬೇಕು. 2020ರ ಅಕ್ಟೋಬರ್ 12ರಂದು ಬೆಳಗಿನ ಹತ್ತರ ಸುಮಾರಿಗೆ ಮುಂಬಯಿಗೆ ಮುಂಬಯಿಯೇ ವಿದ್ಯುತ್ತಿಲ್ಲದೆ ಸ್ತಬ್ಧವಾದಾಗ, ಬ್ಯಾಟರಿಯಿಲ್ಲದ ಟೆರೇಸಿನ ಫಲಕಗಳೂ ಲಿಫ್ಟಿನೊಂದಿಗೆ ನಿಂತುಹೋದವುಗಳೇ. ಸ್ವಾವಲಂಬನೆಯೆಂಬ ಪ್ರಶಂಸೆಯನ್ನು ಘಟ್ಟದ ಮನೆಯಿಂದ ಕಡ ತಂದು ಕಾಂದಿವಲಿಯ ಗೋಪುರಕ್ಕೆ ತೊಡಿಸುವುದು ವಿಮರ್ಶೆಯಲ್ಲ, ಊರಿನ ಅಭಿಮಾನ. ಬೆಂಗಳೂರನ್ನು ಉದಾಹರಿಸುವುದೂ ಇದೇ ತೆರನಾದುದು. ಅಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಒಬ್ಬನ ತಲೆಯ ಮೇಲೆ ಅವನದೇ ಛಾವಣಿ. ಒಂದು ಕಾಲದಲ್ಲಿ ಸಹಾಯಧನ ಪಡೆಯದವರ ಯೂನಿಟಿಗೆ 9 ರೂಪಾಯಿ 56 ಪೈಸೆಯ ದರವೂ ಸಿಕ್ಕಿತ್ತು. ಇಲ್ಲಿ ಮಾಳಿಗೆಗೆ ನಾಲ್ಕರಂತೆ ಇಪ್ಪತ್ತೆರಡು ಮಾಳಿಗೆಯ 88 ಮನೆಗಳಿಗೆ ಒಂದೇ ಛಾವಣಿ. ಅದರಲ್ಲಿ ಟ್ಯಾಂಕು, ಯಂತ್ರಕೋಣೆಗಳನ್ನು ಕಳೆದು 200 ಚದರ ಮೀಟರ್ ಉಳಿಯಿತೆಂದಿಟ್ಟುಕೊಳ್ಳಿ. ಕಿಲೋವ್ಯಾಟಿಗೆ ಹತ್ತು ಚದರ ಮೀಟರಿನಂತೆ 20 ಕಿಲೋವ್ಯಾಟ್, ದಿನಕ್ಕೆ 80 ಯೂನಿಟ್. ಮನೆಯೊಂದರ ಪಾಲಿಗೆ ತಿಂಗಳಿಗೆ ಸುಮಾರು 27. ಮುನ್ನುಡಿಯ 300ಕ್ಕೂ ಇದಕ್ಕೂ ಇರುವ ಅಂತರ ವಿವರಣೆಯನ್ನು ಬೇಡುವುದಿಲ್ಲ.

ಗುಣಪಕ್ಷದಲ್ಲಿ ಹೇಳತಕ್ಕದ್ದು ಏನೂ ಇಲ್ಲವೆಂದಲ್ಲ. ಸೊಸೈಟಿಯ ಸಾರ್ವಜನಿಕ ಮೀಟರಿನ ಬಳಕೆ ಅತ್ಯಧಿಕ ದರದ ಹಂತದಲ್ಲಿರುವುದರಿಂದ ಫಲಕವು ಉಳಿಸುವುದು ಅತ್ಯಂತ ದುಬಾರಿ ಯೂನಿಟನ್ನೇ. ನೀರೆತ್ತುವ ಪಂಪನ್ನು ಹಗಲಿನಲ್ಲಿ ನಡೆಸಿಕೊಳ್ಳಬಹುದು. ಕಿಲೋವ್ಯಾಟಿಗೆ 18,000 ರೂಪಾಯಿಯ ಸಹಾಯಧನ ಇಂಥ ಸಾಮಾನ್ಯ ಸೌಕರ್ಯಗಳಿಗಾಗಿಯೇ ಇದೆ. ಕಡೆಯ ಮಾಳಿಗೆಯವರ ಮನೆ ಫಲಕದ ನೆರಳಿನಿಂದ ಕೊಂಚ ತಂಪಾಗುವುದೂ ಉಂಟು. (ನೆರಳು ಪ್ರಯೋಜನಕ್ಕೆ ಬರುವ ಏಕೈಕ ಸಂದರ್ಭವಿದು.) ಲಿಫ್ಟಿಗೂ ಪಂಪಿಗೂ ಮೆಟ್ಟಿಲ ದೀಪಕ್ಕೂ ಬಿಸಿಲನ್ನು ಹಚ್ಚುವ ಮಿತವಾದ, ಸಾಮೂಹಿಕವಾದ ಕಾರ್ಯವೆಂದು ಇದನ್ನು ಸಭೆಯ ಮುಂದಿಟ್ಟಿದ್ದರೆ ನನ್ನ ಧ್ವನಿ ಇಷ್ಟು ಕಠಿನವಾಗುತ್ತಿರಲಿಲ್ಲ.

ಈ ಮಿತವಾದ ಕಾರ್ಯಕ್ಕೆ ಸರ್ವಥಾ ಯೋಗ್ಯವಾದ ಛಾವಣಿಗಳು ಯಾವುವೆಂದು ಹುಡುಕಿದರೆ, ಮುಲುಂಡ್, ಘಾಟಕೋಪರ್, ಗೋರೆಗಾಂವ್‌ಗಳ ಮೂರು-ನಾಲ್ಕು ಮಾಳಿಗೆಯ ಹಳೆಯ ಸೊಸೈಟಿಗಳವು: ವಿಶಾಲವಾದ ಟೆರೇಸು, ಕಡಿಮೆ ಮನೆಗಳು. ಆದರೆ ಡೆವಲಪರರ ಕಣ್ಣು ಮೊದಲು ಬೀಳುವುದು ಇವುಗಳ ಮೇಲೆಯೇ. ಇಪ್ಪತ್ತೈದು ವರ್ಷದ ಫಲಕವನ್ನು ಐದು ವರ್ಷದಲ್ಲಿ ನೆಲಸಮವಾಗಲಿರುವ ಕಟ್ಟಡದ ಮೇಲೆ ಹೂಡಿರೆಂದು ಸೆಕ್ರೆಟರಿಗೆ ಹೇಳುವ ಧೈರ್ಯ ನನಗಿಲ್ಲ. ಹೂಡಿದವರಾದರೂ ಕಾರ್ಪಸ್ ನಿಧಿ, ತಾತ್ಕಾಲಿಕ ಬಾಡಿಗೆ, ಪಾರ್ಕಿಂಗುಗಳ ಕುರಿತು ಪುಟಗಟ್ಟಲೆ ಚೌಕಾಸಿ ಮಾಡುವ ರಿಡೆವಲಪ್‌ಮೆಂಟಿನ ಕರಾರುಪತ್ರದಲ್ಲಿ, ಬಿಚ್ಚಿದ ಫಲಕಗಳನ್ನು ಯಾರು ಎಲ್ಲಿ ಇರಿಸತಕ್ಕದ್ದು, ಹೊಸ ಗೋಪುರದ ಛಾವಣಿಯಲ್ಲಿ ಯಾವ ಮೂಲೆಯಲ್ಲಿ ಮತ್ತೆ ನಿಲ್ಲಿಸತಕ್ಕದ್ದು ಎಂಬುದಕ್ಕೂ ಒಂದು ಕಲಮನ್ನು ಈಗಲೇ ಬರೆಯಿಸಿಕೊಳ್ಳಲಿ.