ಬಾಲ ಕತ್ತರಿಸಿದ ಸುದ್ದಿ

2023ರ ಆಗಸ್ಟ್ ಮೊದಲ ವಾರ. ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಟೀ ತಂದ ಅಟೆಂಡರ್ ಲೋಟಗಳನ್ನು ಇಡುತ್ತಲೇ ಸುದ್ದಿ ಹೇಳಿದ. "ಸಾರ್, ಕೊರಿಯಾದವ್ರು ಒಂದು ಕಲ್ಲು ಕಂಡ್ಹಿಡಿದವ್ರಂತೆ. ಅದ್ರಲ್ಲಿ ಕರೆಂಟ್ ಹರಿದ್ರೆ ಒಂಚೂರೂ ವೇಸ್ಟ್ ಆಗಲ್ವಂತೆ. ಇನ್ಮೇಲೆ ಬಿಲ್ ಅರ್ಧಕ್ಕೆ ಇಳಿಯುತ್ತಂತೆ." ಗೃಹಜ್ಯೋತಿಯ ಸೊನ್ನೆ ಬಿಲ್ಲು ಆಗಷ್ಟೇ ಮನೆಗಳಿಗೆ ಬರತೊಡಗಿದ್ದ ದಿನಗಳವು. "ಸೊನ್ನೆಯಲ್ಲಿ ಅರ್ಧ ಎಷ್ಟಪ್ಪಾ?" ಎಂದು ಇತಿಹಾಸದ ಮೇಷ್ಟ್ರು ಕೇಳಿದರು. ಎಲ್ಲರೂ ನಕ್ಕೆವು.

ಅದೇ ಸುದ್ದಿಯನ್ನು ನಾನು ಬೆಳಿಗ್ಗೆ ಫೋನಿನಲ್ಲಿ ಓದಿದ್ದೆ. ಅಲ್ಲಿ ಎಲ್ಲವೂ 'ಕಂಡುಹಿಡಿಯಲಾಗಿದೆ', 'ಕ್ರಾಂತಿಯಾಗಲಿದೆ' ಎಂಬ ಧಾಟಿಯಲ್ಲಿತ್ತು. ಅಟೆಂಡರ್ ಹೇಳಿದ ಮೂರು ವಾಕ್ಯಗಳಲ್ಲಿ ಮೂರು 'ಅಂತೆ' ಇದ್ದವು. ನಾನು ಓದಿದ್ದರಲ್ಲಿ ಒಂದೂ ಇರಲಿಲ್ಲ. ಕನ್ನಡ ಪಾಠ ಮಾಡುವ ನನಗೆ ಆ ಕಲ್ಲಿಗಿಂತ ಈ ವ್ಯತ್ಯಾಸವೇ ತಲೆಯಲ್ಲಿ ಉಳಿಯಿತು. ಮುಂದಿನ ಎರಡು ವಾರ ನಡೆದದ್ದನ್ನು ನೋಡಿದ ಮೇಲೆ, ವಿಜ್ಞಾನದ ರೀತಿಗೆ ಹತ್ತಿರವಿದ್ದದ್ದು ಪತ್ರಿಕೆಯ ವ್ಯಾಕರಣವಲ್ಲ, ಅವನದ್ದು ಎಂದು ನನಗೆ ಖಾತ್ರಿಯಾಗಿದೆ.

ಆ ಕಲ್ಲಿನ ಹೆಸರು ಎಲ್‌ಕೆ-99. ದಕ್ಷಿಣ ಕೊರಿಯಾದ ಇಬ್ಬರು ಸಂಶೋಧಕರ ಹೆಸರಿನ ಮೊದಲಕ್ಷರಗಳು, ಜೊತೆಗೆ 1999ನೇ ಇಸವಿ. ಸೀಸ, ತಾಮ್ರ, ರಂಜಕ, ಆಮ್ಲಜನಕ ಸೇರಿದ ಒಂದು ಬೂದುಗಪ್ಪು ಚೂರು. ಗಾಳಿ ತೆಗೆದು ಮುಚ್ಚಿದ ಕೊಳವೆಯಲ್ಲಿ ಪುಡಿಗಳನ್ನಿಟ್ಟು 925 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಆಗುತ್ತದೆ. ಅದು ಸೂಪರ್‌ಕಂಡಕ್ಟರ್ ಎನ್ನುವುದು ಅವರ ಹೇಳಿಕೆಯಾಗಿತ್ತು. ಕನ್ನಡದಲ್ಲಿ ಅದನ್ನು ಅತಿವಾಹಕ ಎನ್ನುವವರೂ ಇದ್ದಾರೆ, ಅಧಿವಾಹಕ ಎನ್ನುವವರೂ ಇದ್ದಾರೆ. ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುವ ವಸ್ತು ಎಂದರೆ ಸಾಕು. 1911ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಇದನ್ನು ಮೊದಲು ಪಾದರಸದಲ್ಲಿ ಕಂಡದ್ದು. ಆದರೆ ಅದಕ್ಕಾಗಿ ಪಾದರಸವನ್ನು ಸುಮಾರು ಮೈನಸ್ 269 ಡಿಗ್ರಿಗೆ ಇಳಿಸಬೇಕಾಯಿತು. ಅಂದಿನಿಂದ ಇಂದಿನವರೆಗೂ ತೊಡಕು ಇರುವುದು ಅಲ್ಲೇ. ತಂಪು ಮಾಡದೆ, ಒತ್ತಡ ಹಾಕದೆ, ಮೇಜಿನ ಮೇಲಿಟ್ಟರೂ ಹಾಗೆ ವರ್ತಿಸುವ ವಸ್ತು ಯಾರಿಗೂ ಸಿಕ್ಕಿಲ್ಲ. ಕೊರಿಯಾದವರು ತಮ್ಮ ಚೂರು 127 ಡಿಗ್ರಿಯವರೆಗೂ, ಅಂದರೆ ನೀರು ಕುದಿಯುವ ಬಿಸಿಯನ್ನೂ ದಾಟಿ, ಅತಿವಾಹಕವೇ ಎಂದು ಹೇಳಿದರು. ಅಯಸ್ಕಾಂತದ ಮೇಲೆ ಒಂದು ಅಂಚು ಊರಿ ಇನ್ನೊಂದು ಅಂಚು ಎದ್ದು ನಿಂತ ಚೂರಿನ ವಿಡಿಯೋವನ್ನೂ ಬಿಟ್ಟರು.

ನಾನು ಈ ಬಗ್ಗೆ ಕೇಳಿದಾಗ ಭೌತಶಾಸ್ತ್ರದ ಮೇಡಂ ಮೂಲ್ಯಮಾಪನದ ಕಟ್ಟಿನಿಂದ ತಲೆಯೆತ್ತದೆ ಹೇಳಿದರು: "ಪ್ರಿಪ್ರಿಂಟ್ ಸಾರ್ ಅದು. ಪೇಪರ್ ಕರೆಕ್ಷನ್ ಆಗೋ ಮೊದ್ಲೇ ರಿಸಲ್ಟ್ ಹಾಕಿದ ಹಾಗೆ."

ಪ್ರಿಪ್ರಿಂಟ್ ಎಂದರೆ ಬೇರೆ ತಜ್ಞರು ಓದಿ ಪರಿಶೀಲಿಸುವ ಮುನ್ನವೇ ಸಂಶೋಧಕರು ತಾವಾಗಿ ಎಲ್ಲರ ಮುಂದಿಡುವ ಲೇಖನ. 1991ರಿಂದ ನಡೆಯುತ್ತಿರುವ ಆರ್ಕೈವ್ ಎಂಬ ಜಾಲತಾಣ ಇದಕ್ಕೆಂದೇ ಇದೆ. 2023ರ ಜುಲೈ 22ರಂದು ಎಲ್‌ಕೆ-99 ಕಾಣಿಸಿಕೊಂಡದ್ದೂ ಅಲ್ಲೇ. ಅದು ಕಳಪೆ ಜಾಗವಲ್ಲ, ಭೌತವಿಜ್ಞಾನಿಗಳು ದಿನ ಬೆಳಗಾದರೆ ಓದುವುದು ಅದನ್ನೇ. ಆದರೆ ಓದುವಾಗ ಪ್ರತಿ ವಾಕ್ಯದ ಕೊನೆಗೂ ಒಂದು 'ಅಂತೆ'ಯನ್ನು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತಾರೆ. ಪ್ರಿಪ್ರಿಂಟ್ ಎನ್ನುವ ಪದ ಮಾಡುವ ಕೆಲಸವೇ ಅದು. ಸುದ್ದಿಯಾಗುವ ಹೊತ್ತಿಗೆ ಆ ಬಾಲ ಕತ್ತರಿಸಿ ಹೋಗಿರುತ್ತದೆ.

ಈ ಬಾಲದ ಬಗ್ಗೆ ಸ್ವಲ್ಪ ನಿಂತು ನೋಡಬೇಕು. 'ಮಳೆ ಬಂತು' ಎಂದರೆ ನಾನು ಕಂಡೆ. 'ಮಳೆ ಬಂದಿರಬೇಕು' ಎಂದರೆ ಅಂಗಳ ಒದ್ದೆಯಾಗಿದೆ, ಅದರಿಂದ ಊಹಿಸಿದೆ. 'ಮಳೆ ಬಂತಂತೆ' ಎಂದರೆ ಯಾರೋ ಹೇಳಿದರು. ಒಂದೇ ಮಳೆಗೆ ಮೂರು ಬಗೆಯ ತಿಳಿವು, ಮೂರಕ್ಕೂ ಕ್ರಿಯಾಪದದಲ್ಲೇ ಗುರುತು. ಅಜ್ಜಿ ಹೇಳುವ ಕತೆಯ ರಾಜ 'ಇದ್ದ'ವನಲ್ಲ, 'ಇದ್ದನಂತೆ'. ಮೂರು ವರ್ಷದ ಮಗುವಿಗೂ ಆ ವ್ಯತ್ಯಾಸ ಗೊತ್ತು. ಇಂಗ್ಲಿಷಿನವರು ಇದನ್ನು ಹೇಳಬೇಕೆಂದರೆ ಬೇರೆಯದೇ ಪದ ತಂದು ಸೇರಿಸಬೇಕು, ಸೇರಿಸುವುದನ್ನು ಮರೆಯಲೂಬಹುದು. ನಮ್ಮ ಮಾತಿನಲ್ಲಿ ಮರೆತರೆ ಕೇಳಿದವರು ತಕ್ಷಣ ಹಿಡಿಯುತ್ತಾರೆ: "ನೀನು ನೋಡಿದ್ಯಾ?"

ಇಷ್ಟು ನಯವಾದ ಉಪಕರಣವನ್ನು ನಾವು ಮುದ್ರಣದಿಂದ ಹೊರಗಿಟ್ಟೆವು. ಬರವಣಿಗೆಯಲ್ಲಿ 'ಅಂತೆ' ಎಂದರೆ ಹರಟೆ, ಗಾಳಿಸುದ್ದಿ. ಅಂತೆಕಂತೆ ಎಂಬ ಬೈಗುಳವೇ ಇದೆಯಲ್ಲ. ಅದರ ಜಾಗಕ್ಕೆ ಬಂದದ್ದು '-ಲಾಗಿದೆ'. ಪತ್ತೆಹಚ್ಚಲಾಗಿದೆ, ದೃಢಪಡಿಸಲಾಗಿದೆ, ಅಭಿವೃದ್ಧಿಪಡಿಸಲಾಗಿದೆ. ಸರ್ಕಾರಿ ಸುತ್ತೋಲೆಯಿಂದ ಎದ್ದು ಬಂದ ಈ ರೂಪದಲ್ಲಿ ಮಾಡಿದವರು ಯಾರು ಎಂಬುದು ಕಾಣುವುದಿಲ್ಲ, ಹೇಳುವವನಿಗೆ ಅದು ಹೇಗೆ ತಿಳಿಯಿತು ಎಂಬುದೂ ಕಾಣುವುದಿಲ್ಲ. ಮೊಹರು ಒತ್ತಿದ ಸದ್ದು ಮಾತ್ರ ಕೇಳಿಸುತ್ತದೆ. ಅನುಮಾನ ತೀರಾ ಹೆಚ್ಚಾದಾಗ ಶೀರ್ಷಿಕೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. 'ಕ್ಯಾನ್ಸರ್‌ಗೆ ಸಿಕ್ಕಿತೇ ಮದ್ದು?' ಎಂಬಂಥವು. ಅಂತೆ ಹೇಳಬೇಕಾದ್ದನ್ನು ಹೇಳಲಾಗದೆ ಒದ್ದಾಡುವ ಚಿಹ್ನೆ ಅದು. ಇನ್ನೊಂದು ಒಳ್ಳೆಯ ರೂಪವೂ ಹೀಗೇ ಕೈಬಿಟ್ಟು ಹೋಗುತ್ತಿದೆ. ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಕಲಿಸುತ್ತಾರಲ್ಲ, ಬಂದೀತು, ಆದೀತು, ಇಳಿದೀತು. 'ಬಿಲ್ಲು ಇಳಿದೀತು' ಎಂಬ ಎರಡು ಪದದ ಜಾಗದಲ್ಲಿ ಈಗ 'ಬಿಲ್ಲಿನ ಮೊತ್ತ ಇಳಿಕೆಯಾಗುವ ಸಾಧ್ಯತೆ ದಟ್ಟವಾಗಿದೆ'. ದಟ್ಟ ಎಂದು ಅಳೆದವರು ಯಾರೋ!

'-ಲಾಗಿದೆ'ಯ ತಾಕತ್ತು ಎಷ್ಟೆಂದು ನಾವು ಒಮ್ಮೆ ಚೆನ್ನಾಗಿಯೇ ನೋಡಿದ್ದೇವೆ. 2016ರ ನವೆಂಬರ್‌ನಲ್ಲಿ ಹಳೆಯ ನೋಟುಗಳು ರದ್ದಾಗಿ 2000 ರೂಪಾಯಿಯ ನೋಟು ಬಂದಾಗ, ಅದರಲ್ಲಿ ನ್ಯಾನೋ ಜಿಪಿಎಸ್ ಚಿಪ್ ಅಳವಡಿಸಲಾಗಿದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ತಿಳಿಯುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಹರಿಯಿತು. ಟಿವಿಯಲ್ಲೂ ಅದನ್ನು ಬಿಡಿಸಿ ಬಿಡಿಸಿ ವಿವರಿಸಿದರು. ಆ ನೋಟುಗಳು ಅಚ್ಚಾಗುತ್ತಿದ್ದ ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನದೇ. ಆದರೂ ನಮ್ಮಲ್ಲಿ ಎಷ್ಟೋ ಜನ ನೋಟನ್ನು ಬೆಳಕಿಗೆ ಹಿಡಿದು ಚಿಪ್ ಹುಡುಕಿದೆವು. ನಾನೂ ಹುಡುಕಿದವನೇ. ಜಿಪಿಎಸ್ ಬರೀ ಸಂಕೇತವನ್ನು ಕೇಳಿಸಿಕೊಳ್ಳುವ ಸಾಧನ, ತಾನಾಗಿ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಕೆಲಸ ಮಾಡಲು ಅದಕ್ಕೂ ವಿದ್ಯುತ್ತು ಬೇಕು, ಮನೆಯ ಚಾವಣಿಯಡಿಯಲ್ಲೇ ತಡವರಿಸುವಂಥದ್ದು 120 ಮೀಟರ್ ಮಣ್ಣಿನಡಿ ಏನು ಮಾಡೀತು ಎಂದೆಲ್ಲ ಯೋಚಿಸಲು ದೊಡ್ಡ ಓದೇನೂ ಬೇಡ. ಯೋಚನೆಯನ್ನು ತಡೆದದ್ದು ಆ ವಾಕ್ಯದ ಗತ್ತು, ಜೊತೆಗೆ ಆ 120 ಎಂಬ ಸಂಖ್ಯೆ. ಸುಮಾರು ನೂರು ಮೀಟರ್ ಎಂದಿದ್ದರೆ ನಾವು ಅನುಮಾನಿಸುತ್ತಿದ್ದೆವೇನೋ. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಆ ನೋಟನ್ನೇ ಚಲಾವಣೆಯಿಂದ ಹಿಂದೆಗೆದುಕೊಂಡಿತು. ಚಿಪ್ಪಿನ ಕತೆಯನ್ನು ಹಿಂದೆಗೆದುಕೊಂಡವರು ಕಡಿಮೆ.

ಹಾಗೆಂದು 'ಅಂತೆ'ಯನ್ನು ಹೊತ್ತು ಮೆರೆಸಲು ನಾನು ಹೊರಟಿಲ್ಲ. ಅದರ ಕಳ್ಳತನವೂ ಗೊತ್ತು. 'ನಾನು ಕಂಡಿಲ್ಲ' ಎಂದು ಒಪ್ಪಿಕೊಳ್ಳುವ ಅದೇ ಬಾಲ, ಕಂಡವರು ಯಾರು ಎಂದು ಹೇಳುವುದಿಲ್ಲ. ಸಿಕ್ಕಿಬಿದ್ದರೆ 'ನಾನೇನು ಹೇಳಿದ್ನಾ, ಅವರಂದಿದ್ದು' ಎಂದು ಜಾರಿಕೊಳ್ಳಲು ಹಿತ್ತಿಲ ಬಾಗಿಲೂ ಅದೇ. ಪತ್ರಿಕೆ ಕಡೇಪಕ್ಷ ಯಾವ ದೇಶ, ಯಾವ ಪ್ರಯೋಗಾಲಯ ಎಂದಾದರೂ ಬರೆಯುತ್ತದೆ. ಅಂದರೆ ಮಾತಿನಲ್ಲಿ ಅನುಮಾನ ಉಳಿದು ಮೂಲ ಕಳೆಯುತ್ತದೆ, ಬರಹದಲ್ಲಿ ಮೂಲ ಉಳಿದು ಅನುಮಾನ ಕಳೆಯುತ್ತದೆ. ವಾಟ್ಸಾಪಿನಲ್ಲಿ ಎರಡೂ ಇಲ್ಲ.

ಕೇಳಿದ ಮಾತನ್ನು ಏನು ಮಾಡಬೇಕು ಎಂಬುದಕ್ಕೆ ನನಗೆ ಥಟ್ಟನೆ ನೆನಪಾಗುವುದು ತೇಜಸ್ವಿಯವರ 'ಕರ್ವಾಲೊ'. ಆ ಕಾದಂಬರಿಯಲ್ಲಿ ಹಾರುವ ಓತಿ ಮೊದಲು ಬರುವುದು ಪ್ರಾಣಿಯಾಗಿ ಅಲ್ಲ, ಒಂದು 'ಅಂತೆ'ಯಾಗಿ. ಮಂದಣ್ಣ ಅದನ್ನು ಕಂಡವನು. ಉಳಿದವರಿಗೆ ಮಂದಣ್ಣ ಒಬ್ಬ ಅಬ್ಬೇಪಾರಿ. ವಿಜ್ಞಾನಿ ಕರ್ವಾಲೊ ಅವನ ಮಾತನ್ನು ನಂಬಿಯೂ ಬಿಡುವುದಿಲ್ಲ, ತಳ್ಳಿಯೂ ಹಾಕುವುದಿಲ್ಲ, ಅವನನ್ನೇ ಮುಂದಿಟ್ಟುಕೊಂಡು ಕಾಡಿಗೆ ನಡೆಯುತ್ತಾರೆ. ನಾವು ತರಗತಿಯಲ್ಲಿ ಈ ಕಾದಂಬರಿಯನ್ನು ಪರಿಸರ, ವಿಕಾಸ, ಅಧ್ಯಾತ್ಮ ಎಂದೆಲ್ಲ ಪಾಠ ಮಾಡುತ್ತೇವೆ. ನನಗೀಗ ಅದು 'ಅಂತೆ'ಯನ್ನು 'ಕಂಡೆವು' ಎನ್ನುವವರೆಗೆ ಕಾಲ್ನಡಿಗೆಯಲ್ಲಿ ಹೊತ್ತೊಯ್ಯುವ ಕತೆ. ಅಷ್ಟು ನಡೆದರೂ ಓತಿ ಕೈಗೆ ಸಿಗುವುದಿಲ್ಲ. ಕಣಿವೆಯತ್ತ ತೇಲಿ ಹೋಗುತ್ತದೆ.

ಎಲ್‌ಕೆ-99ರ ವಿಷಯದಲ್ಲಿ ಜಗತ್ತಿನ ಪ್ರಯೋಗಾಲಯಗಳು ಮಾಡಿದ್ದೂ ಈ ನಡಿಗೆಯನ್ನೇ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಅದೇ ವಿಧಾನದಲ್ಲಿ ಚೂರು ತಯಾರಿಸಿ ನೋಡಿದರು. ಅತಿವಾಹಕತೆ ಕಾಣಲಿಲ್ಲ ಎಂದು ಜುಲೈ ಕೊನೆಗೇ ಹೇಳಿದರು. ಬೀಜಿಂಗ್‌ನಲ್ಲಿ ಮಾಡಿದ ಚೂರು ಅಯಸ್ಕಾಂತದ ಮೇಲೆ ಅರ್ಧ ಎದ್ದಿತು, ಆದರೆ ಅದಕ್ಕೆ ಕಾರಣ ಕಬ್ಬಿಣದಲ್ಲಿರುವಂಥ ಸಾಮಾನ್ಯ ಕಾಂತಗುಣ. ನನಗೆ ಅತ್ಯಂತ ರುಚಿಸಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಪ್ರಶಾಂತ್ ಜೈನ್ ಅವರ ಕತೆ. ಕೊರಿಯಾದವರ ಲೇಖನದಲ್ಲಿ ವಿದ್ಯುತ್ ತಡೆ ಒಮ್ಮೆಲೇ ಕುಸಿದದ್ದು ಸುಮಾರು 104 ಡಿಗ್ರಿಯಲ್ಲಿ. ಆ ಅಂಕಿ ಅವರಿಗೆ ಎಲ್ಲೋ ಕಂಡ ಮುಖದಂತೆ ಅನಿಸಿತು. ಅದು ತಾಮ್ರದ ಸಲ್ಫೈಡ್ ತನ್ನ ಒಳರಚನೆ ಬದಲಿಸುವ ಉಷ್ಣತೆ. ಬೇಯಿಸುವಾಗ ಕೊಳವೆಯಲ್ಲಿ ಮಿಕ್ಕ ತಾಮ್ರವೂ ಗಂಧಕವೂ ಕೂಡಿ ಹುಟ್ಟಿದ ಕಲ್ಮಷವದು. ಅನ್ನದಲ್ಲಿ ಸಿಕ್ಕ ಹರಳನ್ನು ಹಲ್ಲು ಗುರುತಿಸುವ ಹಾಗೆ ಅವರ ಹಳೆಯ ಕೆಲಸ ಅದನ್ನು ಗುರುತಿಸಿತು. ಅಷ್ಟರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲ್ಮಷವಿಲ್ಲದ ಹರಳುಗಳನ್ನು ಬೆಳೆಸಿದ್ದರು. ಆ ಹರಳು ಕಪ್ಪಲ್ಲ, ನೇರಳೆ ಬಣ್ಣದ್ದು, ಬೆಳಕು ಹಾಯುವಂಥದ್ದು. ವಿದ್ಯುತ್ತಿಗೆ ಅದು ಲಕ್ಷಾಂತರ ಓಮ್‌ಗಳಷ್ಟು ತಡೆ ಒಡ್ಡುವ ವಸ್ತು, ಅಂದರೆ ಅತಿವಾಹಕದ ತದ್ವಿರುದ್ಧ. ಆಗಸ್ಟ್ ನಡುವಿಗೆ ಕತೆ ಮುಗಿಯಿತು.

ಕೊರಿಯಾದವರನ್ನು ನೋಡಿ ನಗುವ ಮುನ್ನ ಬೆಂಗಳೂರನ್ನೂ ನೆನೆಯಬೇಕು. 2018ರ ಜುಲೈನಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಇದೇ ಆರ್ಕೈವ್‌ನಲ್ಲಿ, ಚಿನ್ನ ಬೆಳ್ಳಿಯ ನ್ಯಾನೋ ಕಣಗಳಲ್ಲಿ ಮೈನಸ್ 37 ಡಿಗ್ರಿಯ ಹತ್ತಿರದಲ್ಲೇ ಅತಿವಾಹಕತೆಯ ಕುರುಹು ಕಂಡಿದ್ದೇವೆ ಎಂದು ಬರೆದರು. ಈ ಕ್ಷೇತ್ರದಲ್ಲಿ ಅದೂ ಬಹಳ ಬೆಚ್ಚಗಿನ ಅಂಕಿಯೇ. ಕೆಲವೇ ದಿನಗಳಲ್ಲಿ ಎಂಐಟಿಯ ಬ್ರಯಾನ್ ಸ್ಕಿನ್ನರ್ ಅವರು ನಕ್ಷೆಯನ್ನು ದೊಡ್ಡದು ಮಾಡಿ ನೋಡಿ, ಎರಡು ಬೇರೆ ಬೇರೆ ಅಳತೆಗಳಲ್ಲಿ ಗೊಂದಲದ ಸಣ್ಣ ಏರಿಳಿತ ಒಂದೇ ಥರ ಇದೆ ಎಂದು ತೋರಿಸಿದರು. ಗೊಂದಲ ಎರಡು ಸಲ ಒಂದೇ ಥರ ಬರಬಾರದು. ಮರುವರ್ಷ ಸಂಸ್ಥೆಯ ಇನ್ನಷ್ಟು ಜನ ಸೇರಿ, ಹೆಚ್ಚು ಅಳತೆಗಳೊಂದಿಗೆ ಪರಿಷ್ಕರಿಸಿದ ಲೇಖನ ಹಾಕಿದರು. ಇಲ್ಲಿ ನನ್ನ ತಕರಾರು ಸಂಶೋಧಕರ ಮೇಲಲ್ಲ. ಅವರು ಪ್ರಿಪ್ರಿಂಟ್ ಎಂದು ಹೇಳಿಯೇ ಹಾಕಿದ್ದರು, ಸ್ಕಿನ್ನರ್ ಅದನ್ನು ಪ್ರಿಪ್ರಿಂಟ್ ಎಂದೇ ಓದಿದರು. ಬಾಲ ಕತ್ತರಿಸಿ ಓದಿದವರು ನಾವು, 'ನಮ್ಮ ಬೆಂಗಳೂರು' ಎಂಬ ಹೆಮ್ಮೆಯಲ್ಲಿ.

ಈಚೆಗೆ ವಿದ್ಯಾರ್ಥಿಗಳು ಎಐಯಿಂದ ಬರೆಸಿ ತರುವ ಅಸೈನ್‌ಮೆಂಟುಗಳನ್ನು ತಿದ್ದುವಾಗ ಈ ಯೋಚನೆ ಮತ್ತೆ ಬರುತ್ತದೆ. ಬರೆಸಿದ್ದು ಎಂದು ನನಗೆ ಗೊತ್ತಾಗುವುದು ಹೇಗೆಂದು ಅವರು ಅಚ್ಚರಿಪಡುತ್ತಾರೆ. ಪುಟಗಟ್ಟಲೆ 'ಪರಿಗಣಿಸಲಾಗಿದೆ', 'ಗುರುತಿಸಲಾಗಿದೆ', ಒಂದು ಕಡೆಯೂ 'ಅಂತೆ' ಇಲ್ಲ, 'ಇರಬೇಕು' ಇಲ್ಲ. ತಮಾಷೆಯೆಂದರೆ, ಆ ಯಂತ್ರಕ್ಕೆ ಗೊತ್ತಿರುವುದೆಲ್ಲ ಯಾರೋ ಬರೆದದ್ದರಿಂದ ಬಂದದ್ದು. ಅದು ಮಳೆಯನ್ನೂ ಕಂಡಿಲ್ಲ, ಒದ್ದೆ ಅಂಗಳವನ್ನೂ ಕಂಡಿಲ್ಲ. ನ್ಯಾಯವಾಗಿ ಅದರ ಪ್ರತಿ ವಾಕ್ಯವೂ 'ಅಂತೆ'ಯಲ್ಲೇ ಮುಗಿಯಬೇಕು. ಆದರೆ ಬರಹದ ಕನ್ನಡವನ್ನು ಅದು ಕಲಿತದ್ದು ನಮ್ಮಿಂದಲೇ ಅಲ್ಲವೇ? ಕಳೆದ ಸೆಮಿಸ್ಟರಿನಲ್ಲಿ ಒಂದು ಪ್ರಯೋಗ ಮಾಡಿದೆ. ಒಂದು ವಿಜ್ಞಾನ ಸುದ್ದಿಯನ್ನು ಕೊಟ್ಟು, ವರದಿಗಾರ ತಾನೇ ಕಂಡದ್ದೆಷ್ಟು, ಊಹಿಸಿದ್ದೆಷ್ಟು, ಕೇಳಿದ್ದೆಷ್ಟು ಎಂದು ಕ್ರಿಯಾಪದಗಳನ್ನು ತಿದ್ದಿ ಬರೆಯಲು ಹೇಳಿದೆ. ಹುಡುಗರು ಗೊಣಗಿಕೊಂಡೇ ಬರೆದರು. ಒಬ್ಬಳ ಹಾಳೆಯಲ್ಲಿ ಒಂದೇ ಒಂದು ವಾಕ್ಯ ಮಾತ್ರ 'ಅಂತೆ' ಇಲ್ಲದೆ ಉಳಿದಿತ್ತು: ಪತ್ರಿಕಾಗೋಷ್ಠಿ ನಡೆಯಿತು.

ಆ ಆಗಸ್ಟ್ ಕೊನೆಯಲ್ಲಿ ಅಟೆಂಡರ್ ಟೀ ಲೋಟ ಎತ್ತಿಕೊಳ್ಳುತ್ತಾ ಕೇಳಿದ್ದ. "ಸಾರ್, ಆ ಕೊರಿಯಾ ಕಲ್ಲು ಸುಳ್ಳಂತೆ, ಹೌದಾ?"

ನಾನು ದೆಹಲಿಯ ಚೂರನ್ನೂ ನೋಡಿರಲಿಲ್ಲ, ಸ್ಟುಟ್‌ಗಾರ್ಟ್‌ನ ನೇರಳೆ ಹರಳನ್ನೂ ನೋಡಿರಲಿಲ್ಲ. ಭೌತಶಾಸ್ತ್ರದ ಮೇಡಂ ಕಡೆ ನೋಡಿದೆ. ಅವರೂ ನೋಡಿರಲಿಲ್ಲ, ಆದರೆ ಯಾರು ನೋಡಿದರು, ಹೇಗೆ ನೋಡಿದರು ಎಂಬುದನ್ನು ಓದಿದ್ದರು. ಲೋಟ ಹಿಡಿದು ನಿಂತಿದ್ದವನಿಗೆ ಅದನ್ನು ಐದು ನಿಮಿಷ ಬಿಡಿಸಿ ಹೇಳಿದರು.

"ಹೌದಂತೆ," ಎಂದೆ ನಾನು.